ಅದು ಡಬ್ಬಿಂಗ್ ಅಲ್ಲ ಸ್ವಾಮಿ

ಚಿತ್ರೋತ್ಸವದ ಕೈಪಿಡಿಯಿರಲಿ, ವಿದ್ಯಾರ್ಥಿಯ ಪ್ರಬಂಧವಿರಲಿ, ಹಾಲಿವುಡ್ ನಟ ಅಂತೋನಿಯೊ ಮೊರೆನೊ ಹೆಸರು ಬಂದ ಕಡೆಯೆಲ್ಲ ಎರಡು ಮಾತು ತಪ್ಪದೆ ಬರುತ್ತವೆ. ಒಂದು: ಮೂಕಿ ಕಾಲದ ಈ ಸುಂದರಾಂಗ ಟಾಕಿ ಬಂದದ್ದೇ ಇಂಗ್ಲಿಷ್ ಉಚ್ಚಾರಣೆ ಕೈಕೊಟ್ಟು ಮೂಲೆ ಸೇರಿದ. ಇನ್ನೊಂದು: ಇವನ 1930ರ ಚಿತ್ರಗಳ ಹೆಸರಿನ ಪಕ್ಕದಲ್ಲೇ ‘ಸ್ಪ್ಯಾನಿಷ್ ಡಬ್ಬಿಂಗ್’ ಎಂಬ ಟಿಪ್ಪಣಿ. ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಪೂರ್ತಿ ಸುಳ್ಳು. ಎರಡನೆಯದನ್ನು ನಂಬಿದವರಿಗೇ ಮೊದಲನೆಯದೂ ನಿಜವೆನಿಸುತ್ತದೆ. ಚಿತ್ರಸೂಚಿ ಮಾಡುವ ಕಸುಬಿನವರು ಇದನ್ನು ಎಷ್ಟು ಸಲ ತಿದ್ದಿದರೂ ಮುಂದಿನ ವರ್ಷದ ಕೈಪಿಡಿಯಲ್ಲಿ ಮತ್ತೆ ಅದೇ.

ಡಬ್ಬಿಂಗ್ ಎಂದಾಗ ಏನು ಹೇಳುತ್ತಿದ್ದೀರಿ ನೋಡಿ. ‘ಎಲ್ ಓಂಬ್ರೆ ಮಾಲೊ’ದಲ್ಲಿ (‘ಎಚ್’ ಅಕ್ಷರ ಬರವಣಿಗೆಯಲ್ಲಷ್ಟೇ ಇದೆ, ‘ಹೋಂಬ್ರೆ’ ಎನ್ನಬೇಡಿ) ತೆರೆಯ ಮೇಲಿನ ಮುಖ ವಾಲ್ಟರ್ ಹ್ಯೂಸ್ಟನ್‌ನದು, ದನಿ ಮಾತ್ರ ಬೇರೆಯವರದು ಎಂದಾಗುತ್ತದೆ. ವಾಸ್ತವದಲ್ಲಿ ಆ ಚಿತ್ರದಲ್ಲಿ ಹ್ಯೂಸ್ಟನ್ ಇಲ್ಲವೇ ಇಲ್ಲ. ಡಕಾಯಿತ ಪಾಂಚೊ ಲೋಪೆಸ್ ಆಗಿ ಕ್ಯಾಮೆರಾದ ಮುಂದೆ ನಿಂತವನೂ ಮಾತಾಡಿದವನೂ ಮೊರೆನೊ. ಹ್ಯೂಸ್ಟನ್ ಇರುವುದು ಇಂಗ್ಲಿಷಿನ ‘ದ ಬ್ಯಾಡ್ ಮ್ಯಾನ್’ನಲ್ಲಿ. ಅದೇ ಕಥೆ ಫ್ರೆಂಚಿನಲ್ಲಿ ‘ಲೋಪೆಸ್ ಲ ಬಾಂದಿ’ ಎಂದು ಬೇರೆ ನಟರೊಡನೆ ತಯಾರಾಯಿತು. ಒಂದು ಕಥೆ, ಮೂರು ನೆಗೆಟಿವ್ (ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮು), ಮೂರು ಚಿತ್ರ.

ನಮಗೆ ಗೊತ್ತಿರುವುದು ಡಬ್ಬಿಂಗ್, ಇಲ್ಲವೆ ರೀಮೇಕ್. ಇದು ಎರಡೂ ಅಲ್ಲ. ರೀಮೇಕ್ ಎಂದರೆ ಒಂದು ಚಿತ್ರ ಬಿಡುಗಡೆಯಾಗಿ, ಗೆದ್ದ ಮೇಲೆ ಇನ್ನೊಬ್ಬರು ಹಕ್ಕು ಕೊಂಡು ಮಾಡುವುದು. ಇಲ್ಲಿ ಅದೇ ಸ್ಟುಡಿಯೊ, ಅದೇ ಸೆಟ್ಟು, ಹೆಚ್ಚುಕಮ್ಮಿ ಅದೇ ತಿಂಗಳು. ಬದಲಾಗುವುದು ನಟರು ಮತ್ತು ಭಾಷೆ, ಎಷ್ಟೋ ಸಲ ನಿರ್ದೇಶಕ. ಒಂದೇ ದೃಶ್ಯವನ್ನು ಎರಡು ಭಾಷೆಗೆ ಬೆನ್ನುಬೆನ್ನಿಗೆ ತೆಗೆಯುವ ನಮ್ಮ ದ್ವಿಭಾಷಾ ಚಿತ್ರಗಳನ್ನು ನೆನೆದರೆ ಹತ್ತಿರ ಬಂದಿರಿ. ಕನ್ನಡದಲ್ಲಿ ‘ಭಾಷಾ ಆವೃತ್ತಿ’ ಎಂದರೆ ಸಾಕು.

ಡಬ್ಬಿಂಗ್ ಅಗ್ಗವಲ್ಲವೆ, ಅದನ್ನೇ ಏಕೆ ಮಾಡಲಿಲ್ಲ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಪ್ರಯತ್ನ ನಡೆದಿರಲಿಲ್ಲವೆಂದಲ್ಲ. ಆದರೆ 1929–30ರಲ್ಲಿ ಸಂಭಾಷಣೆ, ಬಾಗಿಲ ಸದ್ದು, ಕೆಲವೊಮ್ಮೆ ವಾದ್ಯಸಂಗೀತ ಎಲ್ಲವೂ ಚಿತ್ರೀಕರಣದ ಹೊತ್ತಿನಲ್ಲೇ ಬೆರೆತು ಒಂದೇ ಧ್ವನಿಪಟ್ಟಿಗೆ ಇಳಿಯುತ್ತಿದ್ದವು. ಮಾತನ್ನಷ್ಟೇ ಕಿತ್ತು ಬೇರೆ ಮಾತು ಕೂರಿಸೋಣವೆಂದರೆ ಸದ್ದು, ಸಂಗೀತ ಕೂಡ ಕಿತ್ತು ಬರುತ್ತಿದ್ದವು. ಧ್ವನಿಯನ್ನು ಮತ್ತೊಮ್ಮೆ ನಕಲಿಸಿದರೆ ಹಿನ್ನೆಲೆಯ ಗೊರಗೊರ ಹೆಚ್ಚುತ್ತಿತ್ತು. ಹೀಗಾಗಿ ಹೊಸದಾಗಿ ಚಿತ್ರೀಕರಿಸುವುದೇ ಆ ಎರಡು ವರ್ಷಗಳ ಮಟ್ಟಿಗೆ ಸಲೀಸಾದ ದಾರಿಯಾಗಿತ್ತು. ಲಾರೆಲ್ ಮತ್ತು ಹಾರ್ಡಿ ಕ್ಯಾಮೆರಾದ ಪಕ್ಕದ ಕಪ್ಪುಹಲಗೆಯಲ್ಲಿ ಉಚ್ಚಾರಣೆಯಂತೆ ಬರೆದಿಟ್ಟ ಸ್ಪ್ಯಾನಿಷ್ ಓದಿಕೊಂಡು ತಮ್ಮ ಹಾಸ್ಯಚಿತ್ರಗಳನ್ನು ತಾವೇ ಮತ್ತೆ ಮಾಡಿದರು. ಬಸ್ಟರ್ ಕೀಟನ್ ಕೂಡ ‘ಎಸ್ತ್ರೆಯಾದೋಸ್’ನಲ್ಲಿ ಸ್ವತಃ ಸ್ಪ್ಯಾನಿಷ್ ಮಾತಾಡಿದ. ತಪ್ಪುತಪ್ಪು ಉಚ್ಚಾರ ಹಾಸ್ಯಕ್ಕೆ ಒಗ್ಗುತ್ತದೆ. ಪ್ರೇಮಿಯೊಬ್ಬ ಹಾಗೆ ಮಾತಾಡಿದರೆ ಟೆಂಟು ಪೂರ್ತಿ ನಗುತ್ತದೆ. ಅದಕ್ಕೇ ಸ್ಪ್ಯಾನಿಷ್ ಮಾತೃಭಾಷೆಯ ನಾಯಕನಟ ಬೇಕಾಯಿತು, ಅದೂ ಪ್ರೇಕ್ಷಕರು ಮೊದಲೇ ಬಲ್ಲ ಮುಖ.

ಮೊರೆನೊ ಅಂಥ ಮುಖ. ಮ್ಯಾಡ್ರಿಡ್‌ನಲ್ಲಿ 1887ರ ಸೆಪ್ಟೆಂಬರ್ 26ರಂದು ಹುಟ್ಟಿದವನು, ಹದಿಹರೆಯದಲ್ಲಿ ಅಮೆರಿಕ ಸೇರಿದವನು, 1912ರಿಂದ ತೆರೆಯ ಮೇಲಿದ್ದವನು. ವಿಟಾಗ್ರಾಫ್ ಕಂಪನಿಯ ಕಾಲ, ಪರ್ಲ್ ವೈಟ್ ಜೊತೆಗಿನ ಧಾರಾವಾಹಿ, 1926ರಲ್ಲಿ ‘ದ ಟೆಂಪ್ಟ್ರೆಸ್’ನಲ್ಲಿ ಗ್ರೇಟಾ ಗಾರ್ಬೊಗೆ ನಾಯಕ, 1927ರಲ್ಲಿ ‘ಇಟ್’ನಲ್ಲಿ ಕ್ಲಾರಾ ಬೋ ಕಣ್ಣಿಟ್ಟ ಅಂಗಡಿ ಮಾಲೀಕ, ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ‘ಟೆಂಪ್ಟ್ರೆಸ್’ನ ಮೊದಲ ನಿರ್ದೇಶಕ ಸ್ಟಿಲ್ಲರ್ ಈತನ ಮೀಸೆ ಬೋಳಿಸಲು ಹಟ ಹಿಡಿದು, ಇಬ್ಬರ ನಡುವೆ ವೈಮನಸ್ಯ ಬೆಳೆದು, ಕೊನೆಗೆ ಸ್ಟಿಲ್ಲರ್‌ನೇ ಹೊರಹೋಗಬೇಕಾಯಿತು ಎಂಬ ಕಥೆಯನ್ನೂ ಕೇಳಿರುತ್ತೀರಿ. ಅವನು ಹೋಗಿದ್ದಕ್ಕೆ ಮೀಸೆಯೊಂದೇ ಕಾರಣವಲ್ಲ. ಸ್ಟುಡಿಯೊಗೆ ಅವನ ಕೆಲಸದ ರೀತಿಯೇ ಹಿಡಿಸಿರಲಿಲ್ಲ.

ಈಗ ಉಚ್ಚಾರಣೆಯ ವಿಚಾರ. ಟಾಕಿ ಬಂದೊಡನೆ ಈತ ಬಾಯಿ ಮುಚ್ಚಿಕೊಂಡನೆ? 1929ರ ‘ಕೆರಿಯರ್ಸ್’ ಟಾಕಿ, ಅದೇ ವರ್ಷದ ‘ರೊಮಾನ್ಸ್ ಆಫ್ ದ ರಿಯೊ ಗ್ರಾಂದೆ’ ಟಾಕಿ, 1930ರ ‘ರಫ್ ರೊಮಾನ್ಸ್’ ಟಾಕಿ. ಮೂರರಲ್ಲೂ ಇಂಗ್ಲಿಷ್ ಮಾತಾಡಿದ್ದಾನೆ. ಇಂಗ್ಲಿಷ್ ಚಿತ್ರಗಳಲ್ಲಿ ನಾಯಕಪಾತ್ರ ಕೈತಪ್ಪುತ್ತ ಬಂದದ್ದು ನಿಜ. ಅದಕ್ಕೆ ಉಚ್ಚಾರಣೆಯೂ ಒಂದು ಕಾರಣವಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಆಗ ವಯಸ್ಸು ನಲವತ್ತೆರಡು, ‘ಲ್ಯಾಟಿನ್ ಪ್ರೇಮಿ’ಯ ಗೀಳು ಇಳಿದಿತ್ತು, ಸ್ಟುಡಿಯೊಗಳು ಬ್ರಾಡ್‌ವೇಯಿಂದ ಹೊಸ ನಟರನ್ನು ಗಾಡಿಗಟ್ಟಲೆ ತರುತ್ತಿದ್ದವು. ಇವನ್ನೆಲ್ಲ ಬಿಟ್ಟು ಉಚ್ಚಾರಣೆಯೊಂದನ್ನೇ ಹಿಡಿದು ಜಗ್ಗಿದರೆ ಲೆಕ್ಕ ತಪ್ಪುತ್ತದೆ.

1930ರಲ್ಲಿ ಇವನು ಮಾಡಿದ ಸ್ಪ್ಯಾನಿಷ್ ಕೆಲಸ ನೋಡಿ. ಪ್ಯಾರಮೌಂಟ್‌ಗೆ ‘ಎಲ್ ಕುಯೆರ್ಪೊ ದೆಲ್ ದೆಲಿತೊ’, ಅಂದರೆ ‘ದ ಬೆನ್ಸನ್ ಮರ್ಡರ್ ಕೇಸ್’ನ ಆವೃತ್ತಿ. ಪತ್ತೇದಾರ ಫೈಲೊ ವ್ಯಾನ್ಸ್‌ನ ಪಾತ್ರ ಇಂಗ್ಲಿಷಿನಲ್ಲಿ ವಿಲಿಯಂ ಪೊವೆಲ್‌ನದು. ಸ್ಪ್ಯಾನಿಷಿನಲ್ಲಿ ಅದು ರಮೋನ್ ಪೆರೆದಾನ ಪಾಲಾಯಿತು, ಮೊರೆನೊಗಲ್ಲ. ಹೆಸರು ಮೇಲಿದೆಯೆಂದು ಇವನನ್ನೇ ಪತ್ತೇದಾರ ಮಾಡಿಬಿಡುವವರು ಬಹಳ. ವಾರ್ನರ್–ಫಸ್ಟ್ ನ್ಯಾಷನಲ್‌ಗೆ ‘ಎಲ್ ಓಂಬ್ರೆ ಮಾಲೊ’ ಮತ್ತು ‘ಲೋಸ್ ಕೆ ದಾನ್ಸಾನ್’. ಯುನಿವರ್ಸಲ್‌ಗೆ, ಲುಪೀತಾ ತೊವಾರ್ ಜೊತೆ, ‘ಲಾ ವೊಲುಂತಾದ್ ದೆಲ್ ಮುಯೆರ್ತೊ’. ಇದರ ಇಂಗ್ಲಿಷ್ ಜೋಡಿ ‘ದ ಕ್ಯಾಟ್ ಕ್ರೀಪ್ಸ್’. ಫಾಕ್ಸ್‌ನ ‘ಒನ್ ಮ್ಯಾಡ್ ಕಿಸ್’ ಮತ್ತು ‘ಎಲ್ ಪ್ರೆಸಿಯೊ ದೆ ಉನ್ ಬೆಸೊ’ ಜೋಡಿಯಲ್ಲಂತೂ ಖೊಸೆ ಮೊಹೀಕಾ ನಾಯಕನಾಗಿ, ಮೊರೆನೊ ಜೊತೆಗಿದ್ದು, ಇಬ್ಬರೂ ಎರಡೂ ಭಾಷೆಯಲ್ಲಿ ನಟಿಸಿದರು. ಮುಖ ಒಂದೇ ಆದ್ದರಿಂದ ಇಲ್ಲಿ ‘ಡಬ್ಬಿಂಗ್’ ಎಂಬ ತಪ್ಪು ಅತಿ ಸುಲಭ. ಅಲ್ಲೂ ನೆಗೆಟಿವ್ ಬೇರೆ ಬೇರೆ.

ಮೂಲೆಗುಂಪಾದವನಿಗೆ ಒಂದೇ ವರ್ಷದಲ್ಲಿ ಇಷ್ಟು ಕೆಲಸ ಸಿಗುತ್ತದೆಯೆ? ಇಂಗ್ಲಿಷ್ ಸಾಲು ಓದಿ ಸ್ಪ್ಯಾನಿಷ್ ಸಾಲನ್ನು ಡಬ್ಬಿಂಗ್ ಎಂದು ಹೊಡೆದುಹಾಕಿದರೆ ಮಾತ್ರ ಇವನ ವೃತ್ತಿ 1930ಕ್ಕೆ ನಿಂತಂತೆ ಕಾಣುವುದು.

ಕೆಲಸ ನಡೆಯುತ್ತಿದ್ದ ರೀತಿಗೆ ಯುನಿವರ್ಸಲ್‌ನ ಪದ್ಧತಿ ಒಳ್ಳೆಯ ಮಾದರಿ. ಹಗಲು ಇಂಗ್ಲಿಷ್ ತಂಡ, ರಾತ್ರಿ ಅದೇ ಸೆಟ್ಟಿನಲ್ಲಿ ಸ್ಪ್ಯಾನಿಷ್ ತಂಡ. ನಿರ್ಮಾಪಕ ಪಾಲ್ ಕೋನರ್. ನಿರ್ದೇಶಕ ಜಾರ್ಜ್ ಮೆಲ್ಫರ್ಡ್‌ಗೆ ಸ್ಪ್ಯಾನಿಷ್ ಬಾರದು, ಪಕ್ಕದಲ್ಲೊಬ್ಬ ದುಭಾಷಿ. ಮೊರೆನೊ–ತೊವಾರ್ ಚಿತ್ರದ ಬಳಿಕ ಇದೇ ತಂಡ ‘ದ್ರಾಕುಲಾ’ದ ಸ್ಪ್ಯಾನಿಷ್ ಆವೃತ್ತಿಯನ್ನೂ ಮಾಡಿತು. ಅದರಲ್ಲಿ ದ್ರಾಕುಲಾ ಆದವನು ಕಾರ್ಲೊಸ್ ವಿಯರಿಯಾಸ್, ಮೊರೆನೊ ಅಲ್ಲ. ಹಗಲಿನ ತಂಡದ ರಶಸ್ (ಇನ್ನೂ ಸಂಕಲನವಾಗದ ತುಣುಕುಗಳು) ನೋಡಿ ಕ್ಯಾಮೆರಾ ಎಲ್ಲಿಡಬೇಕೆಂದು ತೀರ್ಮಾನಿಸುವ ಸೌಲಭ್ಯ ರಾತ್ರಿಯ ತಂಡಕ್ಕಿತ್ತು. ಇಂಗ್ಲಿಷ್ ‘ಡ್ರಾಕುಲಾ’ ಸುಮಾರು 75 ನಿಮಿಷ, ಸ್ಪ್ಯಾನಿಷ್ ಸುಮಾರು 104.

ಕೈಗೊಂದು ಫಿಲ್ಮ್ ಪ್ರತಿ ಬಂದಾಗ ಅದು ಆವೃತ್ತಿಯೋ ಡಬ್ಬಿಂಗೋ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಈ ಉದ್ದ. 35 ಮಿಮೀ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟು, ಟಾಕಿಯ ವೇಗ ಸೆಕೆಂಡಿಗೆ 24. ಅಂದರೆ ನಿಮಿಷಕ್ಕೆ 90 ಅಡಿ. 75 ನಿಮಿಷಕ್ಕೆ 6,750 ಅಡಿ, 104ಕ್ಕೆ 9,360 ಅಡಿ. ಎರಡೂವರೆ ಸಾವಿರ ಅಡಿಯ ಅಂತರ ಡಬ್ಬಿಂಗಿನಿಂದ ಬರುವುದಿಲ್ಲ. ಆದರೆ ಉದ್ದ ಕಡಿಮೆಯಿದ್ದ ಮಾತ್ರಕ್ಕೆ ಇದು ಇಂಗ್ಲಿಷ್ ಪ್ರತಿಯೆಂದು ಹಾರಬೇಡಿ. ಒಂದು ರೀಲು ಕಳೆದಿರಬಹುದು. ಸ್ಪ್ಯಾನಿಷ್ ‘ದ್ರಾಕುಲಾ’ದ ಮೂರನೆಯ ರೀಲು ಹಾಗೆಯೇ ಹಾಳಾಗಿ, ಕೊನೆಗೆ ಹವಾನಾದ ಸಂಗ್ರಹದಲ್ಲಿದ್ದ ಪ್ರತಿಯಿಂದ ತುಂಬಬೇಕಾಯಿತು.

ಎರಡನೆಯದು ಮುಖ. ಇದರಲ್ಲೂ ಒಂದು ಬಲೆಯಿದೆ. ಖರ್ಚು ಉಳಿಸಲು ದೂರದ ಶಾಟ್‌ಗಳನ್ನು ಇಂಗ್ಲಿಷ್ ಆವೃತ್ತಿಯಿಂದ ಎತ್ತಿ ಸೇರಿಸುತ್ತಿದ್ದರು. ಸ್ಪ್ಯಾನಿಷ್ ‘ದ್ರಾಕುಲಾ’ದ ಕೆಲವು ದೂರದ ಶಾಟ್‌ಗಳಲ್ಲಿ ಬೇಲಾ ಲುಗೋಸಿಯೇ ಇದ್ದಾನೆ. ಅಂಥ ಒಂದು ಚೌಕಟ್ಟನ್ನು ಹಿಡಿದುಕೊಂಡು ‘ನೋಡಿ, ಡಬ್ಬಿಂಗೇ’ ಎಂದು ವಾದಿಸಬಾರದು. ಹತ್ತಿರದ ಶಾಟ್ ನೋಡಿ, ತುಟಿ ನೋಡಿ, ಇಬ್ಬರು ಒಟ್ಟಿಗೆ ಮಾತಾಡುವ ದೃಶ್ಯ ನೋಡಿ. ಸ್ಥಿರಚಿತ್ರಗಳನ್ನಂತೂ ನಂಬಲೇಬೇಡಿ, ಸೆಟ್ಟು ಒಂದೇ ಆದ್ದರಿಂದ ಶೀರ್ಷಿಕೆ ಅದಲುಬದಲಾಗುವುದು ಸುಲಭ.

ಮೂರನೆಯದು ಧ್ವನಿ ಎಲ್ಲಿದೆ ಎಂಬುದು. ವಿಟಾಫೋನ್ ಪದ್ಧತಿಯಲ್ಲಿ ಧ್ವನಿ ಫಿಲ್ಮಿನ ಮೇಲಿರುವುದಿಲ್ಲ, 16 ಅಂಗುಲದ ತಟ್ಟೆಯ ಮೇಲಿರುತ್ತದೆ. ನಿಮಿಷಕ್ಕೆ 33⅓ ಸುತ್ತು, ಒಂದು ತಟ್ಟೆಗೆ ಸುಮಾರು 11 ನಿಮಿಷ, ಅಂದರೆ ಸಾವಿರ ಅಡಿಯ ಒಂದು ರೀಲು. ಮುಳ್ಳು ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಹೀಗಾಗಿ ಧ್ವನಿಪಟ್ಟಿಯಿಲ್ಲದ ಪ್ರತಿ ಸಿಕ್ಕರೆ ‘ಮೂಕಿ’ ಎಂದು ಬರೆದುಬಿಡಬೇಡಿ, ತಟ್ಟೆ ಕಳೆದಿರಬಹುದು. ಹರಿದ ಫಿಲ್ಮನ್ನು ಅಂಟಿಸುವಾಗ ಕಿತ್ತುಹೋದ ಚೌಕಟ್ಟುಗಳಷ್ಟೇ ಕಪ್ಪು ಫಿಲ್ಮನ್ನು ಸೇರಿಸಲೇಬೇಕು. 24 ಚೌಕಟ್ಟು ತಪ್ಪಿದರೆ ಅಲ್ಲಿಂದ ರೀಲಿನ ಕೊನೆಯವರೆಗೂ ತುಟಿಗೂ ಮಾತಿಗೂ ಒಂದು ಸೆಕೆಂಡಿನ ಅಂತರ. ಇದನ್ನು ನೋಡಿದವರು ‘ತುಟಿ ಕೂಡುತ್ತಿಲ್ಲ, ಹಾಗಾದರೆ ಡಬ್ಬಿಂಗ್’ ಎನ್ನುತ್ತಾರೆ. ಅದು ಅಂಟಿಸಿದವನ ತಪ್ಪು.

ಈ ಆವೃತ್ತಿಗಳ ಕಾಲ ಬೇಗ ಮುಗಿಯಿತು. ಒಂದು ಕಾರಣ ಖರ್ಚು. ಇನ್ನೊಂದು, ಒಂದೇ ಮನೆಯ ತಂದೆ ಸ್ಪೇನಿನ ಕಸ್ತೀಲಿಯನಂತೆ, ಮಗ ಮೆಕ್ಸಿಕೊದವನಂತೆ, ಸೊಸೆ ಅರ್ಜೆಂಟೀನಾದವಳಂತೆ ಮಾತಾಡುವುದನ್ನು ಕೇಳಿ ಪ್ರೇಕ್ಷಕರು ಗೊಣಗಿದ್ದು. ಧಾರವಾಡದ ಅಪ್ಪನಿಗೆ ಕುಂದಾಪುರದ ಮಗ ಇದ್ದಂತೆ ಎಂದುಕೊಳ್ಳಿ. ಅಷ್ಟರಲ್ಲಿ ಧ್ವನಿ ಬೆರೆಸುವ ತಂತ್ರ ಸುಧಾರಿಸಿ ಡಬ್ಬಿಂಗ್, ಉಪಶೀರ್ಷಿಕೆ ಎರಡೂ ಅಗ್ಗವಾದವು. ಫಾಕ್ಸ್ ಮಾತ್ರ 1935ರವರೆಗೂ ಸ್ಪ್ಯಾನಿಷ್ ಚಿತ್ರಗಳನ್ನು ಮುಂದುವರಿಸಿತು. ‘ಲಾ ಸಿಯುದಾದ್ ದೆ ಕಾರ್ತೋನ್’, ‘ರೋಸಾ ದೆ ಫ್ರಾನ್ಸಿಯಾ’ ಮುಂತಾದವುಗಳಲ್ಲಿ ಮೊರೆನೊ ಇದ್ದಾನೆ.

ನಡುವೆ ‘ಸಾಂತಾ’. ಇದರಲ್ಲಿ ಆಗುವ ತಪ್ಪು ಬೇರೆ ಜಾತಿಯದು. ಫೆದೆರಿಕೊ ಗಂಬೋವಾನ 1903ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 1932ರ ಮಾರ್ಚ್ 30ರಂದು ಮೆಕ್ಸಿಕೊ ನಗರದ ಪಲಾಸಿಯೊ ಚಿತ್ರಮಂದಿರದಲ್ಲಿ ತೆರೆಕಂಡಿತು. ನಾಯಕಿ ಲುಪೀತಾ ತೊವಾರ್, ಕ್ಯಾಮೆರಾ ಅಲೆಕ್ಸ್ ಫಿಲಿಪ್ಸ್, ಹಾಡು ಅಗುಸ್ತೀನ್ ಲಾರಾನದು. ಮೊರೆನೊ ಹೆಸರು ಭಿತ್ತಿಚಿತ್ರದಲ್ಲಿ ದೊಡ್ಡದಾಗಿರುವುದರಿಂದ ನಾಯಕನೆಂದೇ ಬರೆಯುತ್ತಾರೆ. ಅವನು ಇದರ ನಿರ್ದೇಶಕ; ಕುರುಡು ಪಿಯಾನೊ ವಾದಕ ಹಿಪೋಲಿತೊ ಆಗಿ ನಟಿಸಿದ್ದು ಕಾರ್ಲೊಸ್ ಒರೆಯಾನಾ. ಇದು ‘ಮೆಕ್ಸಿಕೊದ ಮೊದಲ ಟಾಕಿ’ ಎನ್ನುವಾಗಲೂ ಸ್ವಲ್ಪ ತಡೆಯಿರಿ. ತಟ್ಟೆಯ ಧ್ವನಿ ಬಳಸಿದ ಪ್ರಯತ್ನಗಳು ಅಲ್ಲಿ ಮೊದಲೇ ನಡೆದಿದ್ದವು. ರೊದ್ರೀಗೆಸ್ ಸಹೋದರರ ಯಂತ್ರದಿಂದ ಫಿಲ್ಮಿನ ಮೇಲೇ ಧ್ವನಿ ಮುದ್ರಿಸಿಕೊಂಡದ್ದು ಇದರ ಹೆಗ್ಗಳಿಕೆ. ಅದೇ ವರ್ಷ ‘ಆಗಿಲಾಸ್ ಫ್ರೆಂತೆ ಅಲ್ ಸೋಲ್’ ಚಿತ್ರವನ್ನೂ ಅವನು ನಿರ್ದೇಶಿಸಿದ. ಹಾಲಿವುಡ್‌ನಲ್ಲಿ ಸ್ಪ್ಯಾನಿಷ್ ಆವೃತ್ತಿಗಳನ್ನು ಮಾಡಿ ಟಾಕಿಯ ಕಸುಬು ಕಲಿತವರನ್ನು ಮೆಕ್ಸಿಕೊ ಕರೆಸಿಕೊಂಡಿತು ಎಂಬುದು ಇಲ್ಲಿನ ನಿಜವಾದ ಕಥೆ.

ಹಿರಿಯ ವಯಸ್ಸಿನ ಸಣ್ಣ ಪಾತ್ರಗಳನ್ನು ಬಿಟ್ಟುಬಿಡುವವರಿಗೂ ಒಂದು ಮಾತು. 1954ರ ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ನಲ್ಲಿ ಪಳೆಯುಳಿಕೆಯ ಕೈ ಅಗೆದು ತೆಗೆಯುವ ಡಾಕ್ಟರ್ ಇವನೇ, 1956ರ ‘ದ ಸರ್ಚರ್ಸ್’ನ ಫಿಗೆರೋವಾ ಕೂಡ ಇವನೇ. 1967ರ ಫೆಬ್ರವರಿ 15ರಂದು ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡ.

ದಾಖಲೆ ಬರೆಯುವಾಗ ಭಾಷಾ ಆವೃತ್ತಿಗೆ ಪ್ರತ್ಯೇಕ ನಮೂದು ಕೊಡಿ. ಇಂಗ್ಲಿಷ್ ಚಿತ್ರದ ಅಡಿಯಲ್ಲಿ ಉಪನಮೂದಾಗಿ ತುರುಕಬೇಡಿ. ಎರಡನ್ನೂ ‘ಜೋಡಿ ಆವೃತ್ತಿ’ ಎಂದು ಪರಸ್ಪರ ಕೊಂಡಿಹಾಕಿ. ‘ಮೊರೆನೊ’ ಅವನ ತಾಯಿಯ ಮನೆತನದ ಹೆಸರು, ತಂದೆಯ ಕಡೆಯದು ಗಾರಿದೊ ಮೊಂತೆಯಾಗುದೊ. ಪೂರ್ತಿ ಹೆಸರನ್ನು ಒಮ್ಮೆ ದಾಖಲಿಸಿದರೆ ಅದೇ ಹೆಸರಿನ ಬೇರೆಯವರ ಚಿತ್ರಗಳು ಇವನ ಪಟ್ಟಿಗೆ ನುಸುಳುವುದಿಲ್ಲ. ‘ಲಾ ವೊಲುಂತಾದ್ ದೆಲ್ ಮುಯೆರ್ತೊ’ದ ಪ್ರತಿ ಉಳಿದಿಲ್ಲ, ಅದರ ಇಂಗ್ಲಿಷ್ ಜೋಡಿಯದೂ ಇಲ್ಲ. ಆ ಖಾನೆಯಲ್ಲಿ ‘ಪ್ರತಿ ಲಭ್ಯವಿಲ್ಲ’ ಎಂದು ಬರೆದು ಫೋಟೊ ಜಾಗವನ್ನು ಖಾಲಿ ಬಿಡಿ. ತಂಡ ಒಂದೇ, ಎರಡಕ್ಕೂ ನಾಯಕಿ ತೊವಾರ್ ಒಬ್ಬಳೇ ಎಂದು ‘ದ್ರಾಕುಲಾ’ದ ಫೋಟೊ ಅಂಟಿಸಬೇಡಿ.