ರೋಲ್‌ಬ್ಯಾಕ್ ಒತ್ತುವ ಮೊದಲು

ಶನಿವಾರ ಸಂಜೆ ಐದೂವರೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸರ್ವರ್ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ. "ಸರ್, ಡ್ರಾಯಿಂಗ್ ಫೋಲ್ಡರ್ ಯಾರೋ ಡಿಲೀಟ್ ಮಾಡಿಬಿಟ್ಟಿದ್ರು. ವಾಪಸ್ ತಂದೆ. ಆದ್ರೆ ಇವತ್ತಿನ ಬಿಲ್ ಒಂದೂ ಕಾಣ್ತಿಲ್ಲ."

ಏನು ಮಾಡಿದೆ ಅಂತ ಕೇಳಿದೆ. "ರಾತ್ರಿ 12ರ ಸ್ನ್ಯಾಪ್‌ಶಾಟ್‌ಗೆ ರೋಲ್‌ಬ್ಯಾಕ್ ಕೊಟ್ಟೆ ಸರ್. ಮೊದಲು ಆಗಲ್ಲ ಅಂತು. ಮೈನಸ್ ಆರ್ ಹಾಕಿ ಅಂತ ಅದೇ ಹೇಳ್ತು. ಹಾಕಿದೆ."

ಅದೇ ಹೇಳಿದ್ದು ನಿಜ. ಸ್ನ್ಯಾಪ್‌ಶಾಟ್ ಅಂದರೆ ಡೇಟಾ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟ ರೂಪ. ರೋಲ್‌ಬ್ಯಾಕ್ ಅಂದರೆ ಇಡೀ ಡೇಟಾವನ್ನು ಆ ರೂಪಕ್ಕೇ ಹಿಂದಿರುಗಿಸುವುದು. ಅವರ ಸ್ಟೋರೇಜ್ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಮೇಲೆ ನಡೆಯುತ್ತದೆ. ಅಲ್ಲಿ ಹಳೆಯ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಲು ಹೊರಟಾಗ ನಡುವೆ ಹೊಸ ಸ್ನ್ಯಾಪ್‌ಶಾಟ್‌ಗಳಿದ್ದರೆ ಸಿಸ್ಟಮ್ ಒಪ್ಪುವುದಿಲ್ಲ. ಅವುಗಳ ಪಟ್ಟಿ ಕೊಟ್ಟು, ಇವನ್ನೆಲ್ಲ ಅಳಿಸಲೇಬೇಕು ಅಂದರೆ ಕಮಾಂಡ್‌ಗೆ ಮೈನಸ್ ಆರ್ (-r) ಸೇರಿಸಿ ಎನ್ನುತ್ತದೆ. ಗಾಬರಿಯಲ್ಲಿರುವವನಿಗೆ 'ಅಳಿಸಲೇಬೇಕು ಅಂದರೆ' ಎಂಬುದು ಕಣ್ಣಿಗೆ ಬೀಳುವುದಿಲ್ಲ, 'ಮೈನಸ್ ಆರ್' ಮಾತ್ರ ಬೀಳುತ್ತದೆ. ಫೋಲ್ಡರ್ ಹೋಗಿದ್ದು ಮಧ್ಯಾಹ್ನ ಮೂರೂವರೆಗೆ. ಮೂರು ಗಂಟೆಯದೂ ಸೇರಿ ಆ ದಿನದ ಎಲ್ಲ ಸ್ನ್ಯಾಪ್‌ಶಾಟ್‌ಗಳೂ ಅಲ್ಲೇ ಇದ್ದವು. ಆ ಒಂದು ಕಮಾಂಡ್‌ಗೆ ಅಷ್ಟೂ ಹೋದವು, ಜೊತೆಗೆ ಬೆಳಗಿನಿಂದ ಹಾಕಿದ ಬಿಲ್‌ಗಳೂ ಹೋದವು. ಡ್ರಾಯಿಂಗ್ ಮತ್ತು ಬಿಲ್ಲಿಂಗ್ ಎರಡನ್ನೂ ಒಂದೇ ಡೇಟಾಸೆಟ್‌ನಲ್ಲಿ, ಅಂದರೆ ಒಟ್ಟಿಗೇ ಸ್ನ್ಯಾಪ್‌ಶಾಟ್ ಆಗುವ ಒಂದೇ ವಿಭಾಗದಲ್ಲಿ ಇಟ್ಟಿದ್ದರು.

ಬೇಕಾಗಿದ್ದದ್ದು ಒಂದೇ ಒಂದು ಫೋಲ್ಡರ್. ಝಡ್‌ಎಫ್‌ಎಸ್‌ನ ಪ್ರತಿ ಡೇಟಾಸೆಟ್‌ನ ಮೇಲ್ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಫೋಲ್ಡರ್ ಇರುತ್ತದೆ. ಹೆಸರು 'ಡಾಟ್ ಝಡ್‌ಎಫ್‌ಎಸ್'. ಅದರೊಳಗೆ ಎಲ್ಲ ಸ್ನ್ಯಾಪ್‌ಶಾಟ್‌ಗಳೂ ಸಾಮಾನ್ಯ ಫೋಲ್ಡರ್‌ಗಳ ಹಾಗೆ ಕಾಣುತ್ತವೆ. ಮೂರು ಗಂಟೆಯದನ್ನು ತೆರೆದು ಡ್ರಾಯಿಂಗ್ ಫೋಲ್ಡರ್ ಕಾಪಿ ಮಾಡಿದ್ದರೆ ಐದು ನಿಮಿಷದ ಕೆಲಸ. ಅದರ ಬದಲು ಅಕೌಂಟ್ಸ್‌ನವರು ಭಾನುವಾರ, ಸೋಮವಾರ ಕೂತು, ಪ್ರಿಂಟ್ ಹಾಕಿಟ್ಟಿದ್ದ ಡೆಲಿವರಿ ಚಲನ್ ನೋಡಿಕೊಂಡು ಬಿಲ್‌ಗಳನ್ನೆಲ್ಲ ಮತ್ತೆ ಟೈಪ್ ಮಾಡಿದರು. ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಸ್ನ್ಯಾಪ್‌ಶಾಟ್ ತೆಗೆಯುವುದನ್ನು ಅವನಿಗೆ ಹೇಳಿಕೊಟ್ಟವನು ನಾನೇ. ವಾಪಸ್ ತರುವುದನ್ನು ಹೇಳಿಕೊಟ್ಟಿರಲಿಲ್ಲ.

ಈ ಸ್ನ್ಯಾಪ್‌ಶಾಟ್ ಒಳಗೊಳಗೆ ಹೇಗೆ ಕೆಲಸ ಮಾಡುತ್ತದೆ? ಕಿರಾಣಿ ಅಂಗಡಿಯ ಸಾಲದ ಪುಸ್ತಕ ನೆನೆಸಿಕೊಳ್ಳಿ. ಅಂಗಡಿಯವರು ಹಳೆ ಲೆಕ್ಕವನ್ನು ಹೊಡೆದುಹಾಕದೆ ಹೊಸ ಪುಟದಲ್ಲಿ ಬರೆಯುತ್ತಾರೆ. ಪುಸ್ತಕದ ಮೊದಲಲ್ಲಿರುವ ಸೂಚಿಪುಟದಲ್ಲಿ ಮಾತ್ರ 'ಈಗ 40ನೇ ಪುಟ ನೋಡಿ' ಎಂದು ತಿದ್ದುತ್ತಾರೆ. ಸ್ನ್ಯಾಪ್‌ಶಾಟ್ ಅಂದರೆ ಆ ಸೂಚಿಪುಟದ ಒಂದು ಪ್ರತಿ ತೆಗೆದಿಡುವುದು. ಜೊತೆಗೆ ಒಂದು ಕರಾರು: ಆ ಸೂಚಿಯಲ್ಲಿರುವ ಪುಟಗಳನ್ನು ಯಾರೂ ಹರಿಯುವಂತಿಲ್ಲ. 10 ಟಿಬಿ ಡೇಟಾದ ಸ್ನ್ಯಾಪ್‌ಶಾಟ್ ಒಂದೇ ಸೆಕೆಂಡಿನಲ್ಲಿ ಮುಗಿಯುವುದು ಅದಕ್ಕೇ. ನಕಲಾಗುವುದು ಸೂಚಿ ಮಾತ್ರ. ಸ್ಟೋರೇಜ್ ತಯಾರಿಸುವ ನೆಟ್‌ಆಪ್ ಕಂಪನಿಯವರ ವಾಫಲ್ ಫೈಲ್ ಸಿಸ್ಟಮ್ 1990ರ ದಶಕದಿಂದಲೂ ಹೀಗೇ ಕೆಲಸ ಮಾಡುತ್ತಿದೆ. ಝಡ್‌ಎಫ್‌ಎಸ್ ದಾರಿಯೂ ಇದೇ.

ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ಎಲ್‌ವಿಎಂ ಎಂಬ ವ್ಯವಸ್ಥೆಯ ಹಳೆಯ ಸ್ನ್ಯಾಪ್‌ಶಾಟ್ ಬೇರೆ ಜಾತಿ. ಅದು ಹಳೆ ಲೆಕ್ಕದ ಮೇಲೇ ಹೊಸದನ್ನು ಬರೆಯುತ್ತದೆ. ಬರೆಯುವ ಮುಂಚೆ ಹಳೆಯದನ್ನು ಪಕ್ಕದ ಒಂದು ಚಿಕ್ಕ ಪುಸ್ತಕಕ್ಕೆ ಇಳಿಸಿಕೊಳ್ಳುತ್ತದೆ. ಆ ಚಿಕ್ಕ ಪುಸ್ತಕ ತುಂಬಿತೋ, ಇಡೀ ಸ್ನ್ಯಾಪ್‌ಶಾಟ್ ಕೆಲಸಕ್ಕೆ ಬಾರದು.

ಪುಟ ಹರಿಯಬಾರದು ಎಂಬ ಆ ಕರಾರಿಗೆ ಬೆಲೆ ಇದೆ. ಡಿಸ್ಕ್ ತುಂಬಿತು ಅಂತ ಯಾರೋ 400 ಜಿಬಿ ಹಳೆ ಫೈಲ್ ಅಳಿಸುತ್ತಾರೆ. ಜಾಗ ಒಂದು ಜಿಬಿಯೂ ಬಿಡುವಾಗಲ್ಲ. ಸ್ನ್ಯಾಪ್‌ಶಾಟ್‌ಗಳು ಆ ಪುಟಗಳನ್ನು ಹಿಡಿದುಕೊಂಡಿರುತ್ತವೆ. ಇದು ಗೊತ್ತಿಲ್ಲದವರು ಇನ್ನಷ್ಟು ಅಳಿಸುತ್ತಾ ಹೋಗುತ್ತಾರೆ. ಲೆಕ್ಕ ಹಾಕುವುದು ಕಷ್ಟವೇನಲ್ಲ. 4 ಟಿಬಿ ಡೇಟಾದಲ್ಲಿ ದಿನಕ್ಕೆ 5% ಬದಲಾದರೆ 200 ಜಿಬಿ. 14 ದಿನ ಇಟ್ಟುಕೊಂಡರೆ 2.8 ಟಿಬಿ. ಬದಲಾವಣೆ ದಿನಾ ಅದೇ ಜಾಗದಲ್ಲಿ ಆಗುತ್ತಿದ್ದರೂ ಪ್ರತಿ ದಿನದ ಸ್ನ್ಯಾಪ್‌ಶಾಟ್ ತನ್ನ ಹಳೆ ಪುಟಗಳನ್ನು ಬಿಡುವುದಿಲ್ಲ, ಹಾಗಾಗಿ ಜಾಗ ಅಷ್ಟೇ ಬೇಕು.

ನಾನು ಬೆಳಿಗ್ಗೆ ಕಾಫಿ ಜೊತೆ ಮೊದಲು ನೋಡುವ ಅಂಕಿ ಇದೇ. ನಿನ್ನೆಯ ಸ್ನ್ಯಾಪ್‌ಶಾಟ್ ಎಷ್ಟು ಹಿಡಿದಿದೆ? ದಿನಾ 200 ಜಿಬಿ ಇರುವ ಕಡೆ ಒಂದು ದಿನ 1.5 ಟಿಬಿ ಅಂದರೆ ಎರಡೇ ಸಾಧ್ಯತೆ. ಯಾರೋ ದೊಡ್ಡದೇನೋ ಅಳಿಸಿದ್ದಾರೆ ಅಥವಾ ಬದಲಿಸಿದ್ದಾರೆ. ಇಲ್ಲವೇ ರ‍್ಯಾನ್ಸಮ್‌ವೇರ್ ಒಳಗೆ ಕೂತು, ಹಣ ಕೀಳಲು ಒಂದೊಂದೇ ಫೈಲ್‌ಗೆ ಬೀಗ ಹಾಕುತ್ತಿದೆ. ಜಾಗ ತುಂಬಿದಾಗ ಹಳೆ ಸ್ನ್ಯಾಪ್‌ಶಾಟ್ ತಾನೇ ಅಳಿಸು ಅಂತ ಕೆಲವರು ಸೆಟ್ ಮಾಡಿಟ್ಟಿರುತ್ತಾರೆ. ಅಂಥ ಕಡೆ ಎರಡನೆಯದು ಬಂದರೆ ಮುಗಿಯಿತು. ಕೆಟ್ಟ ಡೇಟಾಗೆ ಜಾಗ ಮಾಡಿಕೊಡಲು ಸಿಸ್ಟಮ್ಮೇ ಒಳ್ಳೆಯದನ್ನು ಎಸೆಯುತ್ತದೆ.

ಡೇಟಾಬೇಸ್ ವಿಷಯಕ್ಕೆ ಬರೋಣ. ಓಡುತ್ತಿರುವ ಡೇಟಾಬೇಸ್‌ನ ಸ್ನ್ಯಾಪ್‌ಶಾಟ್ ಅಂದರೆ ಕರೆಂಟ್ ಹೋದ ಕ್ಷಣದ ಡಿಸ್ಕ್ ಇದ್ದ ಹಾಗೆ. ಮೆಮೊರಿಯಲ್ಲಿದ್ದದ್ದು ಅದರಲ್ಲಿ ಇರಲ್ಲ. ಪೋಸ್ಟ್‌ಗ್ರೆಸ್ ಆಗಲಿ, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಆಗಲಿ ಇಂಥ ಪೆಟ್ಟಿನಿಂದ ತಮ್ಮ ಲಾಗ್ (ಬದಲಾವಣೆಗಳ ದಾಖಲೆ) ಓದಿಕೊಂಡು ಎದ್ದು ನಿಲ್ಲುತ್ತವೆ. ಆದರೆ ಡೇಟಾ ಮತ್ತು ಲಾಗ್ ಎರಡೂ ಒಂದೇ ಕ್ಷಣದವಾಗಿರಬೇಕು. ಸ್ಯಾನ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ಸರ್ವರ್‌ಗಳಿಗೆ ಡಿಸ್ಕ್ ಕೊಡುವ ಸ್ಟೋರೇಜ್‌ನಲ್ಲಿ, ಡೇಟಾಗೆ ಒಂದು ಲನ್ (ಸರ್ವರ್‌ಗೆ ಒಂದು ಡಿಸ್ಕ್ ಹಾಗೆ ಕಾಣುವ ತುಂಡು), ಲಾಗ್‌ಗೆ ಇನ್ನೊಂದು ಲನ್ ಕೊಟ್ಟಿರುತ್ತಾರೆ. ಒಂದರ ಸ್ನ್ಯಾಪ್‌ಶಾಟ್ 10 ಗಂಟೆಗೆ, ಇನ್ನೊಂದರದು ನಾಲ್ಕು ಸೆಕೆಂಡ್ ಆದಮೇಲೆ. ಆ ನಾಲ್ಕು ಸೆಕೆಂಡಿನ ಅಂತರ ಸಾಕು, ಡೇಟಾಬೇಸ್ ಏಳದಿರಲು. ಅದಕ್ಕೇ ಎರಡನ್ನೂ ಒಂದು ಕನ್ಸಿಸ್ಟೆನ್ಸಿ ಗ್ರೂಪ್‌ಗೆ ಸೇರಿಸಿ ಒಟ್ಟಿಗೆ ತೆಗೆಯಬೇಕು. ವಿಂಡೋಸ್‌ನಲ್ಲಾದರೆ ವಿಎಸ್‌ಎಸ್ ಎಂಬ ಸೌಲಭ್ಯ ಡೇಟಾಬೇಸ್‌ಗೆ ಮೊದಲೇ 'ಸ್ವಲ್ಪ ತಡಿ, ಕೈಲಿರೋದನ್ನ ಬರೆದುಬಿಡು' ಅಂತ ಹೇಳುತ್ತದೆ.

ಒಂದು ಅಡ್ಡ ಮಾತು. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ಓಡಿಸುವ ವಿಎಂವೇರ್‌ನಲ್ಲಿ ಸ್ನ್ಯಾಪ್‌ಶಾಟ್ ಅನ್ನುವುದೂ ಸ್ಟೋರೇಜ್‌ನಲ್ಲಿ ಅನ್ನುವುದೂ ಹೆಸರಿಗೆ ಒಂದೇ, ಸ್ವಭಾವ ಬೇರೆ. ವಿಎಂ ಸ್ನ್ಯಾಪ್‌ಶಾಟ್ ಒಂದನ್ನು 72 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ವಿಎಂವೇರ್‌ನವರೇ ಹೇಳುತ್ತಾರೆ. ಎಂಟು ತಿಂಗಳಿಂದ 'ಇರಲಿ ಬಿಡಿ' ಅಂತ ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಅಷ್ಟು ದಿನ ಬೇರೆಯಾಗಿ ಬೆಳೆದಿದ್ದ ಬದಲಾವಣೆಗಳನ್ನು ಮೂಲ ಡಿಸ್ಕ್‌ಗೆ ಸೇರಿಸಲು ಒಂದಿಡೀ ರಾತ್ರಿ ಹಿಡಿಯಿತು.

ಸೂಚಿಪುಟ ಎಷ್ಟೇ ಪ್ರತಿ ಇರಲಿ, ಪುಸ್ತಕ ಒಂದೇ. ಅಂಗಡಿಗೆ ಬೆಂಕಿ ಬಿದ್ದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ ಕೆಲವು ಗ್ರಾಹಕರ ಬ್ಯಾಕಪ್‌ಗಳೂ ಅದೇ ಕಟ್ಟಡದಲ್ಲಿದ್ದವು. ಹಾಗಾಗಿ ಸ್ನ್ಯಾಪ್‌ಶಾಟ್‌ಗಳನ್ನು ಇನ್ನೊಂದು ಊರಿನ ಇನ್ನೊಂದು ಸ್ಟೋರೇಜ್ ಡಬ್ಬಕ್ಕೆ ಕಳಿಸುತ್ತಿರಬೇಕು. ಬದಲಾದ ಪುಟಗಳು ಮಾತ್ರ ಹೋಗುವುದರಿಂದ ಸಾಧಾರಣ ಲೈನ್ ಇದ್ದರೂ ನಡೆಯುತ್ತದೆ. ಆ ಕಡೆಯ ಡಬ್ಬಕ್ಕೆ ಬೇರೆ ಪಾಸ್‌ವರ್ಡ್, ಬೇರೆ ಅಡ್ಮಿನ್ ಇರಲಿ.

ಆದರೆ ನನ್ನ ಕೆಲಸದಲ್ಲಿ ಬೆಂಕಿಗಿಂತ ಜಾಸ್ತಿ ನೋಡಿದ್ದು ಸದ್ದಿಲ್ಲದೆ ನಿಂತುಹೋದ ಬ್ಯಾಕಪ್‌ಗಳನ್ನು. ಇದಕ್ಕೆ, ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಸೈಟ್‌ನ ಕಥೆ ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. ಅವರೇ ಮುಚ್ಚುಮರೆ ಇಲ್ಲದೆ ಬರೆದುಕೊಂಡ ಕಥೆ. 2017ರ ಜನವರಿ 31. ರಾತ್ರಿ ಹೊತ್ತು ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿ ಅಳಿಸಬೇಕಾದ ಡೈರೆಕ್ಟರಿಯನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿದ. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ದಿನಾ ತೆಗೆಯಬೇಕಿದ್ದ ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ಹುಡುಕಿದರೆ ಇರಲೇ ಇಲ್ಲ. ಡೇಟಾಬೇಸ್ ಆವೃತ್ತಿ 9.6, ಡಂಪ್ ತೆಗೆಯುವ ಪ್ರೋಗ್ರಾಂ ಆವೃತ್ತಿ 9.2. ಹೊಂದಾಣಿಕೆ ಇಲ್ಲದೆ ಅದು ಫೇಲ್ ಆಗುತ್ತಲೇ ಇತ್ತು. ಫೇಲ್ ಆದ ಸುದ್ದಿಯ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕ್ಲೌಡ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ ಫೈಲ್ ಸರ್ವರ್‌ಗಳಿಗೆ ಹಾಕಿದ್ದರು, ಡೇಟಾಬೇಸ್ ಸರ್ವರ್‌ಗೆ ಹಾಕಿರಲಿಲ್ಲ.

ಕೊನೆಗೆ ಕಾಪಾಡಿದ್ದು ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ಬೇರೆ ಯಾವುದೋ ಪರೀಕ್ಷೆಗೆಂದು ಅದೇ ಎಂಜಿನಿಯರ್ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದದ್ದು. ಅದೃಷ್ಟ ಅನ್ನಬೇಕು. ಅದಿದ್ದೂ ಸೈಟ್ ಪೂರ್ತಿ ಏಳಲು ಸುಮಾರು 18 ಗಂಟೆ ಹಿಡಿಯಿತು, ಯಾಕೆಂದರೆ ಆ ಪ್ರತಿ ಇದ್ದದ್ದು ನಿಧಾನದ ಡಿಸ್ಕ್‌ಗಳ ಮೇಲೆ.

ಈ ಹೊತ್ತಿನ ಲೆಕ್ಕವನ್ನು ಯಾರೂ ಮೊದಲೇ ಹಾಕುವುದಿಲ್ಲ. ಒಂದು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿ ಸಾಗುತ್ತದೆ. 2 ಟಿಬಿ ವಾಪಸ್ ತರಲು ಐದು ಗಂಟೆ ಬೇಕು. ಮಾಲೀಕರು ಕೇಳಿದಾಗ 'ಅರ್ಧ ಗಂಟೆ ಸರ್' ಅಂದಿರುತ್ತೇವೆ, ಅಲ್ವಾ?

ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನದು ಎದುರು ಪ್ರಶ್ನೆ: ತಪ್ಪು ಗೊತ್ತಾಗಲು ನಿಮ್ಮಲ್ಲಿ ಎಷ್ಟು ದಿನ ಬೇಕು? ನೆಟ್‌ಆಪ್‌ನ ಡೀಫಾಲ್ಟ್ ಪಾಲಿಸಿ ಗಂಟೆಯವು 6, ದಿನದವು 2, ವಾರದವು 2 ಇಡುತ್ತದೆ. ಮಾರ್ಚ್‌ನಲ್ಲಿ ಹಾಳಾದ ಲೆಡ್ಜರ್ ಜೂನ್‌ನಲ್ಲಿ ಆಡಿಟರ್ ಕಣ್ಣಿಗೆ ಬಿದ್ದರೆ ಇದರಲ್ಲಿ ಏನೂ ಸಿಗದು. ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಡಬೇಕು. 2022ರ ಆಗಸ್ಟ್‌ನ ತಿದ್ದುಪಡಿಯ ನಂತರ ಅವುಗಳ ಬ್ಯಾಕಪ್ ದಿನಾ ಭಾರತದಲ್ಲಿರುವ ಸರ್ವರ್‌ಗೆ ಹೋಗಬೇಕು. ಅದು ಟೇಪ್ ಅಥವಾ ಬೇರೆ ಬ್ಯಾಕಪ್ ಸಿಸ್ಟಮ್‌ನ ಕೆಲಸ. ಸ್ನ್ಯಾಪ್‌ಶಾಟ್ ಇರುವುದು ನಿನ್ನೆ ಮೊನ್ನೆಯ ತಪ್ಪಿಗೆ.

ಮತ್ತೆ ಆ ಶನಿವಾರಕ್ಕೆ ಬರುತ್ತೇನೆ. ಈಗ ಅಲ್ಲಿ ಸರ್ವರ್ ರ‍್ಯಾಕ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಡೇಟಾ ಹೋಯಿತು ಅಂತ ಗೊತ್ತಾದರೆ ಮೊದಲು ಎಲ್ಲರನ್ನೂ ಬರೆಯುವುದರಿಂದ ನಿಲ್ಲಿಸು. ಆಮೇಲೆ ಕೆಟ್ಟ ಸ್ಥಿತಿಯದ್ದೇ ಒಂದು ಸ್ನ್ಯಾಪ್‌ಶಾಟ್ ತೆಗೆ. ಇದನ್ನು ಕೇಳಿದಾಗ ಹುಡುಗ ನಕ್ಕ, ಕೆಟ್ಟದ್ದು ಯಾಕೆ ಸರ್ ಅಂತ. ಅಂದು ಅದೊಂದನ್ನು ತೆಗೆದು ಇನ್ನೊಂದು ಡಬ್ಬಕ್ಕೆ ಕಳಿಸಿದ್ದರೆ ಬಿಲ್‌ಗಳು ಅದರಲ್ಲೇ ಸಿಗುತ್ತಿದ್ದವು. ಮೂರನೆಯದಾಗಿ, ಹಳೆ ಸ್ನ್ಯಾಪ್‌ಶಾಟ್‌ಗಳನ್ನು ತಾನೇ ಅಳಿಸುವ ಶೆಡ್ಯೂಲ್ ನಿಲ್ಲಿಸು, ಒಳ್ಳೆಯದಕ್ಕೆ 'ಹೋಲ್ಡ್' ಹಾಕು. ಹೋಲ್ಡ್ ಇದ್ದರೆ ಅದನ್ನು ಯಾರೂ ಅಳಿಸಲಾಗದು. ಇಷ್ಟಾದ ಮೇಲೆ ಆ ಸ್ನ್ಯಾಪ್‌ಶಾಟ್‌ನಿಂದ ಒಂದು ಕ್ಲೋನ್ (ಬರೆಯಬಹುದಾದ ಪ್ರತಿ) ಮಾಡಿ, ಬೇರೆ ಕಡೆ ಮೌಂಟ್ ಮಾಡಿ (ಅಂದರೆ ತೆರೆದು), ಕಣ್ಣಾರೆ ನೋಡಿ, ಬೇಕಾದ್ದನ್ನು ಮಾತ್ರ ಕಾಪಿ ಮಾಡು. ಲನ್ ಕ್ಲೋನ್ ಆದರೆ ಮೂಲ ಇರುವ ಸರ್ವರ್‌ಗೇ ತೋರಿಸಬೇಡ. ಎರಡಕ್ಕೂ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಇರುತ್ತದೆ, ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಆದರೆ ಮೌಂಟ್ ಆಗಲ್ಲ ಅಂತ ಹಟ ಹಿಡಿಯುತ್ತದೆ. ರೋಲ್‌ಬ್ಯಾಕ್ ಪದ ಹಾಳೆಯ ಕೊನೇ ಸಾಲಿನಲ್ಲಿದೆ. ಪಕ್ಕದಲ್ಲಿ ನನ್ನ ಫೋನ್ ನಂಬರ್.

ಪ್ರತಿ ತಿಂಗಳ ಮೊದಲ ಶನಿವಾರ ಅವನು ಒಂದು ಫೋಲ್ಡರ್ ಆರಿಸಿಕೊಂಡು, ಅದು ಹೋಯಿತು ಅಂತಲೇ ಅಂದುಕೊಂಡು, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ ವಾಪಸ್ ತರುತ್ತಾನೆ. ಮುಗಿದ ಮೇಲೆ ಫೋಟೋ ಕಳಿಸುತ್ತಾನೆ. ಮೊದಲ ಸಲ 47 ನಿಮಿಷ ಬಂತು. ಅದರಲ್ಲಿ ಸುಮಾರು 30 ನಿಮಿಷ ಸ್ಟೋರೇಜ್‌ನ ಪಾಸ್‌ವರ್ಡ್ ಹುಡುಕಿದ್ದು. ಪಾಸ್‌ವರ್ಡ್ ಒಂದು ಎಕ್ಸೆಲ್ ಫೈಲ್‌ನಲ್ಲಿತ್ತು. ಆ ಫೈಲ್ ಅದೇ ಸರ್ವರ್‌ನಲ್ಲಿತ್ತು.