ನೀರು ಎಲ್ಲಿಗೆ ಹೋಗುತ್ತದೆ?

ಎರಡು ವರ್ಷದ ಹಿಂದಿನ ಜುಲೈ. ಶಿರಸಿ ಹತ್ತಿರದ ಒಂದು ಸಭಾಭವನದಲ್ಲಿ ತಾಳಮದ್ದಳೆ ಇತ್ತು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಕರ್ಣಪರ್ವ. ಕರ್ಣನ ಅರ್ಥಧಾರಿ ಅರ್ಧ ಗಂಟೆಯಿಂದ ಮಾತು ಕಟ್ಟುತ್ತ ಬಂದಿದ್ದರು. ಇನ್ನೇನು ಮುಖ್ಯ ಜಾಗಕ್ಕೆ ಬರಬೇಕು, ಅಷ್ಟರಲ್ಲಿ ಮಳೆ ಹೊಯ್ಯಿತು. ಮೇಲೆ ತಗಡಿನ ಮಾಡು. ಮೈಕ್ ಇದ್ದರೂ ಪ್ರಯೋಜನ ಇಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ನನಗೆ ಅವರ ತುಟಿ ಆಡುವುದು ಕಾಣುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಭಾಗವತರು ತಾಳ ಕೆಳಗಿಟ್ಟು ಕವಳದ ತಟ್ಟೆಗೆ ಕೈ ಹಾಕಿದರು. ಐದು ನಿಮಿಷ ಬಿಟ್ಟು ಮಳೆ ಸ್ವಲ್ಪ ತಗ್ಗಿತು. ಕರ್ಣ ಮೇಲೆ ನೋಡಿ ಹೇಳಿದ: "ಮಗನ ಪರವಾಗಿ ಅಪ್ಪ ಮಾತಾಡುತ್ತಿದ್ದ ಕೃಷ್ಣಾ, ಮುಗಿಸಲಿ ಅಂತ ಸುಮ್ಮನಿದ್ದೆ."

ಅರ್ಜುನನ ಅಪ್ಪ ಇಂದ್ರ, ಮಳೆಯ ದೇವರು. ಸಭೆ ಎದ್ದು ಬಿದ್ದು ನಕ್ಕಿತು. ಅರ್ಥಧಾರಿ ಗೆದ್ದರು, ಕಟ್ಟಡ ಸೋತಿತು.

ಪ್ರಸಂಗ ಮುಗಿದ ಮೇಲೆ ಚಹಾ ಕುಡಿಯುವಾಗ ಸಮಿತಿಯ ಕಾರ್ಯದರ್ಶಿಗಳು ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು. ಹಳೇ ಭವನ ತೆಗೆದು ಹೊಸದು ಕಟ್ಟುವ ಆಲೋಚನೆ. ಬೆಂಗಳೂರಿನಲ್ಲಿ ಯಾರೋ ಕಂಪ್ಯೂಟರಿನಲ್ಲಿ ಬರೆದುಕೊಟ್ಟದ್ದು. ಅಲೆ ಎದ್ದು ನಿಂತ ಹಾಗೆ ಬೆಳ್ಳಗೆ ಬಳುಕುವ ಮಾಡು. ಎಲ್ಲೂ ಮೂಲೆ ಇಲ್ಲ. ಮಾಡು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. "ಹ್ಯಾಂಗಿದ್ದು?" ಅಂದರು.

ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ದಿಟ್ಟ ಕಟ್ಟಡ ಎಲ್ಲ ದೊಡ್ಡ ಶಹರಕ್ಕೆ, ನಮಗೆ ತಗಡಿನ ಶೆಡ್ ಸಾಕು ಅನ್ನುವವರ ಪೈಕಿ ನಾನಲ್ಲ. ಆದರೂ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. ಬಿದ್ದ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ಜಿಲ್ಲೆಯಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. ಶಿರಸಿಯಲ್ಲೋ ಕಾರವಾರದಲ್ಲೋ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಸಾವಿರ ಚದರ ಮೀಟರಿನ ಸಭಾಭವನದ ಮಾಡಿನ ಮೇಲೆ ಆ ಒಂದು ದಿನ ಬೀಳುವುದು ಒಂದು ಲಕ್ಷ ಲೀಟರ್, ಅಂದರೆ 100 ಟನ್ ನೀರು. ಅದನ್ನು ಇಳಿಸಬೇಕು, ಗೋಡೆಯಿಂದ ದೂರ ಚೆಲ್ಲಬೇಕು, ಒಳಗೆ ಮಾತು ಕೇಳಬೇಕು. ಮಾಡಿನ ಕೆಲಸ ಇಷ್ಟು. ಇದರ ಮೇಲೆ ಚೆಂದವೂ ಇರಲಿ, ಬೇಡ ಅಂದವರು ಯಾರು?

ಮೊದಲು ಸದ್ದಿನ ವಿಚಾರ. ದಪ್ಪ ಮಳೆಹನಿ ಬಂದು ಬಡಿಯುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಜಾಸ್ತಿ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ತೂಗುವುದು ನಾಲ್ಕೇ ಕಿಲೋ. ತೆಳು, ಹಗುರ, ಮೇಲಿಂದ ಬಿಗಿಯಾಗಿ ಸ್ಕ್ರೂ ಹೊಡೆದದ್ದು. ಮದ್ದಳೆಯ ಮುಚ್ಚಿಗೆಯೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಪ್ರತಿ ಹನಿಯೂ ಒಂದು ಪೆಟ್ಟು. ಹೆಂಚಿನ ಮಾಡು ಅಷ್ಟೇ ಜಾಗಕ್ಕೆ ಸುಮಾರು ಹತ್ತು ಪಟ್ಟು ಭಾರ. ಭಾರದ್ದನ್ನು ನಡುಗಿಸುವುದು ಕಷ್ಟ. ತೂಕ ದುಪ್ಪಟ್ಟಾದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಅಂತ ಒಂದು ಅಂದಾಜು ಲೆಕ್ಕ ಇದೆ. ಅದರ ಮೇಲೆ ಹೆಂಚುಗಳು ಬಿಡಿಬಿಡಿ, ರೀಪಿನ ಮೇಲೆ ಸುಮ್ನೆ ಕೂತಿರುತ್ತವೆ. ಒಂದರ ನಡುಕ ಪಕ್ಕದ್ದಕ್ಕೆ ದಾಟುವುದು ಕಡಿಮೆ.

ಈ 'ಬಿಡಿಬಿಡಿ' ಅನ್ನುವುದನ್ನು ಸ್ವಲ್ಪ ನೆನಪಿಡಿ. ಜಗತ್ತಿನ ಅತಿ ದಿಟ್ಟ ಕಟ್ಟಡವೊಂದರ ಗುಟ್ಟೂ ಅದೇ.

ಸಿಡ್ನಿಯ ಆಪೆರಾ ಹೌಸ್ ಚಿತ್ರ ನೋಡದವರು ಇಲ್ಲ. ಹಾಯಿ ಬಿಚ್ಚಿದ ದೋಣಿಯ ಹಾಗಿರುವ ಆ ಕಟ್ಟಡವನ್ನು ಕಲ್ಪಿಸಿದವರು ಡೆನ್ಮಾರ್ಕಿನ ಯೋರ್ನ್ ಉಟ್ಸಾನ್. ಅಪ್ಪ ದೋಣಿ, ಹಡಗುಗಳ ವಿನ್ಯಾಸ ಮಾಡುವವರು. ಹಾಗಾಗಿ ದೋಣಿಯ ಹೊಟ್ಟೆಯ ತಿರುವು ಮಗನಿಗೆ ಚಿಕ್ಕಂದಿನಿಂದ ಕಂಡ ವಿಷಯ. 1957ರಲ್ಲಿ ಸ್ಪರ್ಧೆ ಗೆದ್ದಾಗ ಅವರ ಹತ್ತಿರ ಇದ್ದದ್ದು ಕೈಯಲ್ಲಿ ಬರೆದ ಚೆಂದದ ಗೆರೆಗಳು. ಗೆರೆ ಎಳೆಯುವುದು ಸುಲಭ, ಕಾಂಕ್ರೀಟ್ ಹೊಯ್ಯುವುದು ಹೇಗೆ? ಒಂದೊಂದು ಚಿಪ್ಪಿನದ್ದೂ ಒಂದೊಂದು ಬಾಗು. ಅಷ್ಟಕ್ಕೂ ಬೇರೆ ಬೇರೆ ಅಚ್ಚು ಮಾಡಿದರೆ ಖರ್ಚು ಆಕಾಶಕ್ಕೆ. ಓವ್ ಅರೂಪ್ ಅವರ ಎಂಜಿನಿಯರುಗಳು ಒಂದಾದ ಮೇಲೊಂದು ಆಕಾರ ಹಿಡಿದು ವರ್ಷಗಟ್ಟಲೆ ಲೆಕ್ಕ ಹಾಕಿದರು.

1961ರ ಹೊತ್ತಿಗೆ ಸಿಕ್ಕ ಉತ್ತರ ಎಷ್ಟು ಸರಳ ಅಂದರೆ ಮಕ್ಕಳಿಗೂ ತೋರಿಸಬಹುದು. ಒಂದು ಹಳೇ ರಬ್ಬರ್ ಚೆಂಡು ತೆಗೆದುಕೊಳ್ಳಿ. ಕತ್ತರಿಯಲ್ಲಿ ಅದರಿಂದ ಐದಾರು ತ್ರಿಕೋನ ತುಂಡು ಕತ್ತರಿಸಿ. ಒಂದು ಉದ್ದ, ಒಂದು ಗಿಡ್ಡ, ಒಂದು ಅಗಲ, ಹೇಗಾದರೂ ಸರಿ. ನೆಟ್ಟಗೆ ನಿಲ್ಲಿಸಿದರೆ ಒಂದಕ್ಕಿಂತ ಒಂದು ಬೇರೆ. ಆದರೆ ಎಲ್ಲದರ ಬಾಗೂ ಒಂದೇ, ಒಂದೇ ಚೆಂಡಿನಿಂದ ಬಂದದ್ದಲ್ವಾ! ಸಿಡ್ನಿಯ ಚಿಪ್ಪುಗಳೆಲ್ಲ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಕಾಲ್ಪನಿಕ ಚೆಂಡಿನ ತುಂಡುಗಳು. ಬಾಗು ಒಂದೇ ಆದ್ದರಿಂದ ಅದೇ ಅಚ್ಚಿನಲ್ಲಿ ಮತ್ತೆ ಮತ್ತೆ ಎರಕ ಹೊಯ್ಯಬಹುದು. ಕಾಂಕ್ರೀಟಿನ ಪಕ್ಕೆಲುಬುಗಳನ್ನು ತುಂಡು ತುಂಡಾಗಿ ನೆಲದ ಮೇಲೆ ಎರಕ ಹೊಯ್ದು, ಮೇಲೆತ್ತಿ, ಕಬ್ಬಿಣದ ಹಗ್ಗ ಎಳೆದು ಬಿಗಿದರು.

ಇನ್ನೊಂದು ಸಂಗತಿ ನಮ್ಮವರಿಗೆ ಖುಷಿ ಕೊಡಬೇಕು. ಹತ್ತಿರ ಹೋಗಿ ನೋಡಿದರೆ ಅದೂ ಒಂಥರಾ ಹೆಂಚಿನ ಮಾಡೇ. ಸ್ವೀಡನ್ನಿನಲ್ಲಿ ಸುಟ್ಟು ತಂದ ಹತ್ತು ಲಕ್ಷಕ್ಕೂ ಜಾಸ್ತಿ ಬಿಲ್ಲೆಗಳು. ಒಂದೊಂದೂ 12 ಸೆಂಟಿಮೀಟರ್ ಚೌಕ. ಕೆಲವು ಹೊಳೆಯುವ ಬಿಳಿ, ಕೆಲವು ಹೊಳಪಿಲ್ಲದ ಕೆನೆ ಬಣ್ಣ. ಅಷ್ಟೆತ್ತರದ ಇಳಿಜಾರಿನಲ್ಲಿ ನಿಂತು ಒಂದೊಂದೇ ಅಂಟಿಸಲಿಲ್ಲ. ಕೆಳಗೇ ದೊಡ್ಡ ಹಲಗೆಗಳಾಗಿ ಜೋಡಿಸಿ, ಆ ಹಲಗೆಗಳನ್ನು ಪಕ್ಕೆಲುಬಿಗೆ ಬೋಲ್ಟ್ ಹಾಕಿ ಕೂರಿಸಿದರು. ಪಕಾಸು, ರೀಪು, ಹೆಂಚು ಅನ್ನುವ ನಮ್ಮ ಕ್ರಮದ ದೂರದ ನೆಂಟ ಅನ್ನಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗ ಮಾರಿದ್ದೂ ಇದೇ ಉಪಾಯವನ್ನ: ಒಂದೇ ಅಚ್ಚು, ಲಕ್ಷಗಟ್ಟಲೆ ತುಂಡು, ಒಂದು ಒಡೆದರೆ ಒಂದನ್ನೇ ಬದಲಿಸು.

ಖರ್ಚಿನ ಕಥೆ ಅಷ್ಟು ಸುಂದರವಲ್ಲ. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದುಕೊಂಡಿದ್ದು 10 ಕೋಟಿ 20 ಲಕ್ಷಕ್ಕೆ ಹೋಯಿತು. ಬಹುಪಾಲು ಹಣ ಬಂದದ್ದು ಲಾಟರಿಯಿಂದ. ಜಗಳವಾಗಿ ಉಟ್ಸಾನ್ 1966ರಲ್ಲಿ ಕೆಲಸ ಬಿಟ್ಟು ಹೊರಟರು. 1973ರಲ್ಲಿ ಕಟ್ಟಡ ತೆರೆಯಿತು. 2008ರಲ್ಲಿ ತೀರಿಕೊಳ್ಳುವ ತನಕ ಅವರು ಅದನ್ನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಮನೆ ಕಟ್ಟಿಸುವಾಗ ಮೇಸ್ತ್ರಿಯೊಂದಿಗೆ ಜಗಳವಾಡಿದ ಎಲ್ಲರಿಗೂ ಈ ಕಥೆ ಸ್ವಲ್ಪ ಅರ್ಥವಾಗುತ್ತದೆ.

ಕಾರ್ಯದರ್ಶಿಗಳ ಮೊಬೈಲಿನಲ್ಲಿದ್ದ ಚಿತ್ರ ಸಿಡ್ನಿಯ ಜಾತಿಯದ್ದಲ್ಲ. ಅದು ಅಜರ್ಬೈಜಾನಿನ ಬಾಕು ನಗರದಲ್ಲಿ ಜಹಾ ಹದೀದ್ ಕಟ್ಟಿದ ಹೈದರ್ ಅಲಿಯೇವ್ ಕೇಂದ್ರದ ಮರಿ. 2012ರಲ್ಲಿ ತೆರೆದ ಆ ಕಟ್ಟಡದಲ್ಲಿ ನೆಲವೇ ಎದ್ದು ಗೋಡೆಯಾಗಿ, ಗೋಡೆಯೇ ಬಾಗಿ ಮಾಡಾಗುತ್ತದೆ. ಒಳಗೆ ಉಕ್ಕಿನ ಕೊಳವೆಗಳ ಜಾಲ, ಮೇಲೆ ಗಾಜಿನ ನಾರು ಬೆರೆಸಿದ ತೆಳು ಹಲಗೆಗಳ ಚರ್ಮ. ಅದ್ಭುತವೇ. ಆದರೆ ಬಾಕುವಿಗೆ ವರ್ಷವಿಡೀ ಬರುವ ಮಳೆ ನಮ್ಮಲ್ಲಿ ಆಷಾಢದ ಎರಡು ಮೂರು ದಿನಕ್ಕೆ ಮುಗಿದುಹೋಗುತ್ತದೆ. ಅಲ್ಲಿ ಸೂರಂಚು ಇಲ್ಲದಿದ್ದರೆ ನಡೆಯುತ್ತದೆ. ಇಲ್ಲಿ ಮಾಡಿನ ನೀರೆಲ್ಲ ಗೋಡೆಯ ಮೈ ಮೇಲೇ ಇಳಿದು, ಜುಲೈ ಮುಗಿಯುವುದರೊಳಗೆ ಬಿಳಿ ಅಲೆ ಹಾವಸೆ ಹಿಡಿದು ಹಸಿರಾಗಿರುತ್ತದೆ.

ಸಂದುಗಳ ಪ್ರಶ್ನೆಯೂ ಇದೆ. ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ನೂರು ಮೀಟರ್ ಉದ್ದದ ಮೈ 30 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ಸೆಂಟಿಮೀಟರ್ ಸರಿಯುತ್ತದೆ. ಹೆಂಚಿನ ಮಾಡಿನಲ್ಲಿ ಈ ಸರಿದಾಟ ಸಾವಿರಾರು ಸಂದಿಗೆ ಹಂಚಿಹೋಗುತ್ತದೆ, ಮೇಲಿನ ಹೆಂಚು ಕೆಳಗಿನದರ ಮೇಲೆ ಹತ್ತಿ ಕೂತಿರುವುದರಿಂದ ನೀರೂ ಒಳಗೆ ಬರುವುದಿಲ್ಲ. ಒಂದೇ ಚರ್ಮದ ಹಾಗೆ ಕಾಣಬೇಕು ಅಂತ ಹಟ ಹಿಡಿದರೆ ಸಂದಿಗೆ ರಬ್ಬರಿನಂಥ ಅಂಟು ತುಂಬಬೇಕು. ಬಿಸಿಲಿಗೆ ಆ ಅಂಟು ಒಣಗಿ ಬಿರಿದಾಗ ಯಾರು ಹತ್ತಿ ನೋಡುತ್ತಾರೆ? ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಫ್ರ್ಯಾಂಕ್ ಗೆಹ್ರಿ ವಿನ್ಯಾಸ ಮಾಡಿದ, 2004ರಲ್ಲಿ ತೆರೆದ ಸ್ಟೇಟಾ ಸೆಂಟರ್ ಸೋರುತ್ತದೆ, ಬೂಸ್ಟು ಹಿಡಿಯುತ್ತದೆ ಅಂತ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆ 2007ರಲ್ಲಿ ಕೋರ್ಟಿಗೇ ಹೋಯಿತು. 2010ರಲ್ಲಿ ರಾಜಿಯಾಯಿತು.

ಘಟ್ಟ ಇಳಿದರೆ ಮಳೆಯ ಜೊತೆ ಉಪ್ಪೂ ಸೇರುತ್ತದೆ. ಕಾರವಾರದಲ್ಲಿ ಸಮುದ್ರಕ್ಕೆ ಕೂಗಳತೆಯಲ್ಲಿ ನನ್ನ ಅತ್ತೆಯ ಮನೆ. ಬಾಲ್ಕನಿಯ ಅಡಿಯಲ್ಲಿ ಒಂದು ಜಾಗ ಹೊಟ್ಟೆ ಉಬ್ಬಿಸಿಕೊಂಡ ಹಾಗಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದೆ. ಬೇರೆ ಕಡೆ ಟಕ್ ಟಕ್, ಅಲ್ಲಿ ಮಾತ್ರ ಡೊಬ್ ಡೊಬ್, ಹಣ್ಣಾದ ಹಲಸಿನಕಾಯಿ ತಟ್ಟಿದ ಹಾಗೆ. ಮುಂದಿನ ಮಳೆಗಾಲಕ್ಕೆ ಅಂಗೈ ಅಗಲದ ಚಕ್ಕೆ ಕಳಚಿ ಬಿತ್ತು. ಒಳಗಿನ ಸರಳು ಎಲೆಯಡಿಕೆ ಉಗಿದ ಬಣ್ಣಕ್ಕೆ ತಿರುಗಿತ್ತು.

ಆಗಿದ್ದು ಇಷ್ಟು. ಒಳ್ಳೆ ಕಾಂಕ್ರೀಟ್ ಕ್ಷಾರೀಯ. ಆ ಕ್ಷಾರದಲ್ಲಿ ಸರಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ರಕ್ಷಣೆಯ ಪೊರೆ ಬೆಳೆಯುತ್ತದೆ. ಸಮುದ್ರದ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ವರ್ಷಗಟ್ಟಲೆ ಜಿನುಗಿ ಒಳಗೆ ಹೋಗಿ ಆ ಪೊರೆಯನ್ನು ಒಡೆಯುತ್ತದೆ. ಆಮೇಲೆ ತುಕ್ಕು. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟೋ ಅದಕ್ಕೂ ಜಾಸ್ತಿಯೋ ಜಾಗ ಬೇಕು. ಒಳಗಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಇದಕ್ಕೆ ಮದ್ದು ಸರಳಿನ ಮೇಲೆ ದಪ್ಪ ಹೊದಿಕೆ. ನಮ್ಮ ದೇಶದ ಐಎಸ್ 456 ನಿಯಮದ ಪ್ರಕಾರ ಮಾಮೂಲಿ ಒಣ ಜಾಗದಲ್ಲಿ ಸರಳಿನ ಹೊರಗೆ 20 ಮಿಲಿಮೀಟರ್ ಕಾಂಕ್ರೀಟ್ ಸಾಕು. ಕರಾವಳಿಯ ಬಯಲಿಗೆ 45, ಸಮುದ್ರದ ತುಂತುರು ಹಾರುವಲ್ಲಿ 50, ಭರತ ಇಳಿತ ಮುಟ್ಟುವಲ್ಲಿ 75. ನಾಜೂಕಾದ ತೆಳು ಚಿಪ್ಪಿನ ಮಾಡು ಬೇಕು ಅನ್ನುವವರು ಈ ಲೆಕ್ಕ ಮೊದಲು ನೋಡಬೇಕು. ಎರಡು ಕಡೆ 45 ಬಿಟ್ಟರೆ ಅಲ್ಲಿಗೇ 9 ಸೆಂಟಿಮೀಟರ್ ಆಯಿತು, ಸರಳಿನ ದಪ್ಪ ಬೇರೆ. ಗೆಹ್ರಿಯವರೇ ಸ್ಪೇನಿನ ಬಿಲ್ಬಾವೊದ ಗುಗೆನ್‌ಹೈಮ್ ಸಂಗ್ರಹಾಲಯಕ್ಕೆ 1997ರಲ್ಲಿ ಟೈಟೇನಿಯಂ ತಗಡು ಹೊದಿಸಿದರು. ಅದಕ್ಕೆ ಉಪ್ಪು ತಾಗುವುದಿಲ್ಲ. ನಮ್ಮ ಸಮಿತಿಯ ಜಮಾಖರ್ಚಿಗೂ ಅದು ತಾಗುವುದು ಬೇಡ.

ಹಾಗಾದರೆ ಯಾವ ಕಟ್ಟಡ ತೋರಿಸಲಿ? ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ರೆಂಜೊ ಪಿಯಾನೊ 1998ರಲ್ಲಿ ಮುಗಿಸಿದ ಜಾಂ ಮಾರಿ ಚಿಬಾವು ಸಾಂಸ್ಕೃತಿಕ ಕೇಂದ್ರ ನನಗೆ ಬಹಳ ಇಷ್ಟ. ಅಲ್ಲಿಯ ಮೂಲನಿವಾಸಿಗಳಾದ ಕನಕ್ ಜನರ ಗುಡಿಸಲಿನ ನೆನಪಿನಲ್ಲಿ ಮರದ ಹತ್ತು ಗೂಡುಗಳು. ಅತಿ ಎತ್ತರದ್ದು 28 ಮೀಟರ್. ಹೆಣೆಯುತ್ತ ಹೆಣೆಯುತ್ತ ಅರ್ಧಕ್ಕೇ ಬಿಟ್ಟೆದ್ದ ಬುಟ್ಟಿಯ ಹಾಗೆ ಕಾಣುತ್ತವೆ. ಮರ ಇರೊಕೊ, ಗೆದ್ದಲಿಗೂ ತೇವಕ್ಕೂ ಬೇಗ ಬಗ್ಗದ ಜಾತಿ. ಚರ್ಮ ಎರಡು ಪದರ. ಹೊರಗೆ ಮರದ ಪಟ್ಟಿಗಳು, ನಡುವೆ ಗಾಳಿ ಓಡಾಡುವ ಜಾಗ, ಒಳಗಿನ ಪದರದಲ್ಲಿ ತೆರೆದು ಮುಚ್ಚುವ ಪಟ್ಟಿಗಳು. ತಂಗಾಳಿ ಇದ್ದಾಗ ತೆರೆದು ಒಳಗೆ ಬಿಟ್ಟುಕೊಳ್ಳುತ್ತವೆ, ಬಿಸಿಗಾಳಿ ಮೇಲಿಂದ ಹೊರಟುಹೋಗುತ್ತದೆ. ಚಂಡಮಾರುತ ಬಂದರೆ ಮುಚ್ಚಿಕೊಳ್ಳುತ್ತವೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಅಜ್ಜನ ಮನೆಯ ತಟ್ಟಿ. ಮಣ್ಣಿನ ಗೋಡೆಗೆ ಇರಚಲು ಹೊಡೆಯಬಾರದು ಅಂತ ಮಳೆಗಾಲಕ್ಕೆ ಮೊದಲು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆಗೂ ತಟ್ಟಿಗೂ ನಡುವೆ ಒಂದು ಗೇಣು ಬಿಡುತ್ತಿದ್ದರು. ಮಳೆಯ ಪೆಟ್ಟು ತಟ್ಟಿಗೆ, ಗಾಳಿ ಗೋಡೆಗೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗೊಬ್ಬರದ ಗುಂಡಿಗೆ. ಪಿಯಾನೊ ಅದೇ ಎರಡು ಪದರವನ್ನು ಕಂಪ್ಯೂಟರಿಗೆ ಕೊಟ್ಟಿದ್ದಾರೆ, ಗಾಳಿ ಸುರಂಗದಲ್ಲಿಟ್ಟು ಪರೀಕ್ಷೆ ಮಾಡಿಸಿದ್ದಾರೆ. ಕಟ್ಟಡ ಮಾತ್ರ ಹಳೇ ಗುಡಿಸಲಿನ ನಕಲಾಗಿ ಉಳಿದಿಲ್ಲ, ನೋಡಿದವರು ಬೆರಗಾಗುವಷ್ಟು ಹೊಸದಾಗಿದೆ.

ಅಷ್ಟು ದೂರ ಹೋಗಲು ಆಗದವರು ಭಟ್ಕಳಕ್ಕೆ ಹೋಗಬಹುದು. ಅಲ್ಲಿನ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಬಯಲುಸೀಮೆಯ ದೇವಸ್ಥಾನದ ಹಾಗೆ ಚಪ್ಪಟೆ ಮಾಡಿಲ್ಲ. ಕಲ್ಲಿನ ದೊಡ್ಡ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ, ಮರದ ಮಾಡಿನ ಹಾಗೆ. ಕಂಬಗಳ ನಡುವೆ ಕಲ್ಲಿನ ಪಟ್ಟಿಗಳ ತಡಿಕೆ. ಇರಚಲು ಅಲ್ಲೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ. ಸೋಗೆ, ಮರ, ಬಿದಿರು ಮಾಡುತ್ತಿದ್ದ ಕೆಲಸವನ್ನು ಕಲ್ಲಿನಿಂದ ಮಾಡಿಸುತ್ತೇನೆ ಅಂತ ಹೊರಟ ಆ ಶಿಲ್ಪಿಗೆ ಆಗಿನವರು ಹುಚ್ಚ ಅಂದಿರಲೂಬಹುದು. ನಾನು ಹೋದ ದಿನ ಮಳೆ ಇತ್ತು. ಒಳಗೆ ನಿಂತಾಗ ಮೇಲಿಂದ ಸದ್ದೇ ಇಲ್ಲ. ಅಂಚಿನಿಂದ ನೀರು ಅಂಗಳಕ್ಕೆ ಬೀಳುವುದಷ್ಟೇ ಕೇಳುತ್ತಿತ್ತು.

ಕಾರ್ಯದರ್ಶಿಗಳಿಗೆ ಇದನ್ನೆಲ್ಲ ಆ ರಾತ್ರಿ ಹೇಳಲಿಲ್ಲ. ಹೇಳಿದ್ದರೆ ಚಹಾ ಆರಿಹೋಗುತ್ತಿತ್ತು. ಅವರು ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಬಾಗಿಲು, ದೀಪ, ಹುಲ್ಲುಹಾಸು, ಅದರ ಮೇಲೆ ನಡೆದಾಡುವ ತೆಳ್ಳಗಿನ ಜನ, ಎಲ್ಲ ತೋರಿಸಿದರು. ಜನರ ಕೈಯಲ್ಲಿ ಒಂದು ಕೊಡೆಯೂ ಇರಲಿಲ್ಲ. ಮೇಲೆ ತಿಳಿನೀಲಿ ಆಕಾಶ. ಹೊರಗೆ ಮಳೆ ಮತ್ತೆ ಜೋರಾಯಿತು, ತಗಡು ಗುಡುಗಲು ಶುರುಮಾಡಿತು. ನಾನು ಅವರ ಕಿವಿಯ ಹತ್ತಿರ ಬಾಗಿ ಕೂಗಿದೆ: "ಇದರದ್ದೇ ಜುಲೈ ತಿಂಗಳ ಚಿತ್ರ ಒಂದು ಬರೆಸಿ ತರಿಸಿ."

"ಏನು?" ಅಂದರು. ಕೇಳಿಸಿರಲಿಲ್ಲ.