ಕೋರ್ ಬದಲಾಯಿತು, ವರ್ಚುವಲ್ ಮಷಿನ್‌ಗೆ ಯಾರೂ ಹೇಳಲಿಲ್ಲ

ರಾಕ್‌ಚಿಪ್ ಆರ್‌ಕೆ3399 ಅಂತ ಒಂದು ಚಿಪ್ ಇದೆ. ಅದನ್ನು ಕೂರಿಸಿದ ಅಂಗೈಯಗಲದ ಬೋರ್ಡ್‌ಗಳು ಹವ್ಯಾಸಿಗಳಿಗೆ ಬಹಳ ಇಷ್ಟವಾಗಿದ್ದವು. ಅದರ ಮೇಲೆ ಲಿನಕ್ಸ್ ಹಾಕಿ, ಕ್ಯುಇಎಂಯು ಎಂಬ ತಂತ್ರಾಂಶ ಮತ್ತು ಲಿನಕ್ಸ್‌ನೊಳಗೇ ಇರುವ ಕೆವಿಎಂ ಬಳಸಿ ಒಂದು ವರ್ಚುವಲ್ ಮಷಿನ್ (ವಿಎಂ), ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್, ಶುರು ಮಾಡಲು ಹೋದವರಿಗೆ ವಿಚಿತ್ರ ಅನುಭವ ಆಗುತ್ತಿತ್ತು. ಒಂದು ಸಲ ಕಮಾಂಡ್ ಕೊಟ್ಟರೆ "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಎಂದು ನಿಂತುಬಿಡುತ್ತಿತ್ತು. ಒಂದಕ್ಷರ ಬದಲಿಸದೆ ಅದೇ ಕಮಾಂಡ್ ಇನ್ನೊಮ್ಮೆ ಕೊಟ್ಟರೆ ಆರಾಮಾಗಿ ಓಡುತ್ತಿತ್ತು.

ಆ ಚಿಪ್‌ನಲ್ಲಿ ಆರು ಕೋರ್, ಅಂದರೆ ಲೆಕ್ಕ ಮಾಡುವ ಆರು ಘಟಕ. ಎರಡು ಕಾರ್ಟೆಕ್ಸ್ ಎ72, ಇವು ವೇಗದವು. ನಾಲ್ಕು ಕಾರ್ಟೆಕ್ಸ್ ಎ53, ಇವು ಬ್ಯಾಟರಿ ಉಳಿಸುವವು. ಶುರುವಾಗುವಾಗ ಕ್ಯುಇಎಂಯು "ಇಲ್ಲಿ ಯಾವ ಥರದ ಕೋರ್ ಇದೆ?" ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಕೇಳುತ್ತದೆ. ಆ ಕ್ಷಣದಲ್ಲಿ ತಾನು ಓಡುತ್ತಿರುವ ಕೋರ್ ಯಾವುದೋ ಅದರ ಉತ್ತರ ಬರುತ್ತಿತ್ತು. ಮುಂದಿನ ಕ್ಷಣದಲ್ಲಿ ವರ್ಚುವಲ್ ಸಿಪಿಯು (ವಿಎಂಗೆ ಕಾಣುವ ಪ್ರೊಸೆಸರ್) ಕಟ್ಟುವ ಥ್ರೆಡ್, ಅಂದರೆ ಪ್ರೋಗ್ರಾಂನ ಒಂದು ಕೆಲಸದ ಎಳೆ, ಇನ್ನೊಂದು ಥರದ ಕೋರ್ ಮೇಲೆ ಬಂದು ಕೂತಿದ್ದರೆ, "ನೀನು ಕೇಳಿದ ಕೋರ್ ಇದಲ್ಲ" ಎಂದು ಕೆವಿಎಂ ವಾಪಸ್ ಕಳಿಸುತ್ತಿತ್ತು. ಓಡುವುದೂ ಓಡದಿರುವುದೂ, ಕೆಲಸಗಳನ್ನು ಕೋರ್‌ಗಳಿಗೆ ಹಂಚುವ ಶೆಡ್ಯೂಲರ್ ಆ ಗಳಿಗೆಯಲ್ಲಿ ಏನು ಮಾಡಿತು ಅನ್ನುವುದರ ಮೇಲೆ ನಿಂತಿತ್ತು. ಪರಿಹಾರವೂ ಸರಳ. ಟಾಸ್ಕ್‌ಸೆಟ್ ಎಂಬ ಕಮಾಂಡ್ ಮುಂದಿಟ್ಟು ವಿಎಂ ಅನ್ನು ಒಂದೇ ಜಾತಿಯ ಕೋರ್‌ಗಳಿಗೆ ಕಟ್ಟಿಹಾಕುವುದು. ಆದರೆ ಆಗ ಆರು ಕೋರ್ ಕೈಯಲ್ಲಿದ್ದರೂ ವಿಎಂಗೆ ಸಿಗುವುದು ಎರಡು ವೇಗದವು ಅಥವಾ ನಾಲ್ಕು ನಿಧಾನದವು. ಮುಂದೆ ಬಂದ ಕರ್ನಲ್‌ಗಳಲ್ಲಿ ಎಲ್ಲ ಕೋರ್‌ಗಳಿಗೂ ಒಂದೇ ಸಾಮಾನ್ಯ ಗುರುತು ಕೊಟ್ಟು ಈ ತೊಡಕು ಬಿಡಿಸಿದರು.

ಈ ಸಣ್ಣ ಎರರ್‌ನ ಬೇರು ಮಾತ್ರ ಬಹಳ ಹಳೆಯದು.

ವರ್ಚುವಲ್ ಮಷಿನ್ ಎಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆ ಎಂದು ನಂಬಿಸುವ ವ್ಯವಸ್ಥೆ. 1972ರಲ್ಲಿ ಐಬಿಎಂ ತನ್ನ ದೊಡ್ಡ ಮೇನ್‌ಫ್ರೇಮ್‌ಗಳಿಗೆ ವಿಎಂ/370 ತಂದಾಗಲೂ, 1999ರಲ್ಲಿ ವಿಎಂವೇರ್ ಅದನ್ನು ಸಾಮಾನ್ಯ ಪಿಸಿಗೆ ತಂದಾಗಲೂ, 2005ರಲ್ಲಿ ಇಂಟೆಲ್ ವಿಟಿ-ಎಕ್ಸ್ ಎಂಬ ಹೆಸರಲ್ಲಿ ಚಿಪ್‌ಗೇ ಅದರ ಬೆಂಬಲ ಸೇರಿಸಿದಾಗಲೂ, 2007ರಲ್ಲಿ ಕೆವಿಎಂ ಲಿನಕ್ಸ್ ಒಳಗೆ ಬಂದಾಗಲೂ ಆ ನಂಬಿಸುವ ಕೆಲಸ ಚೆನ್ನಾಗಿಯೇ ನಡೆಯಿತು. ಪಿಸಿಗಳಲ್ಲಿ ಒಂದಕ್ಕಿಂತ ಜಾಸ್ತಿ ಪ್ರೊಸೆಸರ್ ಇರುವ ವ್ಯವಸ್ಥೆಗೆ ಎಸ್‌ಎಂಪಿ ಅನ್ನುತ್ತಾರೆ. ಅದರಲ್ಲಿ ಮೊದಲ ಅಕ್ಷರ ಸಿಮೆಟ್ರಿಕ್. ಎಲ್ಲವೂ ಸರಿಸಮ ಅಂತ ಹೆಸರಲ್ಲೇ ಇತ್ತು. ವರ್ಚುವಲ್ ಸಿಪಿಯು ಒಂದನ್ನು ಈ ಕೋರ್‌ನಿಂದ ಆ ಕೋರ್‌ಗೆ ಎತ್ತಿ ಹಾಕಿದರೆ ಒಳಗಿನ ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ವ್ಯತ್ಯಾಸ ಎದುರಾಗುತ್ತಿದ್ದ ಜಾಗ ಒಂದೇ. ಓಡುತ್ತಿರುವ ವಿಎಂ ಅನ್ನು ಹಳೆ ಸರ್ವರ್‌ನಿಂದ ಹೊಸ ಸರ್ವರ್‌ಗೆ ಸಾಗಿಸುವಾಗ. ಅದಕ್ಕೆ ವಿಎಂವೇರ್ ಇವಿಸಿ ಎಂಬ ಉಪಾಯ ಮಾಡಿತು. ಗುಂಪಿನಲ್ಲಿರುವ ಎಲ್ಲ ಸರ್ವರ್‌ಗಳಿಗೂ ಗೊತ್ತಿರುವ ಇನ್‌ಸ್ಟ್ರಕ್ಷನ್‌ಗಳನ್ನು ಮಾತ್ರ ವಿಎಂಗೆ ತೋರಿಸುವುದು, ಹೊಸ ಚಿಪ್‌ನ ಹೆಚ್ಚಿನ ಸೌಲಭ್ಯಗಳನ್ನು ಮುಚ್ಚಿಡುವುದು. ಅದು ಸಾಕಾಗುತ್ತಿತ್ತು. ಒಂದು ಡಬ್ಬಕ್ಕೂ ಇನ್ನೊಂದು ಡಬ್ಬಕ್ಕೂ ನಡುವಿನ ವ್ಯತ್ಯಾಸ ಅದು. ಸಾಗಾಣಿಕೆ ಯಾವಾಗಲೋ ಒಮ್ಮೆ ನಡೆಯುತ್ತಿತ್ತು. ಒಂದೇ ಚಿಪ್ ಒಳಗೆ ಎರಡು ಜಾತಿಯ ಕೋರ್ ಬಂದರೆ ಅದೇ ಸಾಗಾಣಿಕೆ ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ನಡೆಯುತ್ತದೆ, ಯಾರ ಕಣ್ಣಿಗೂ ಬೀಳದೆ.

ಅಂಥ ಚಿಪ್ ಬಂದಿದ್ದು ಫೋನ್‌ನಿಂದ. 2011ರ ಅಕ್ಟೋಬರ್‌ನಲ್ಲಿ ಆರ್ಮ್ ಕಂಪನಿ ಬಿಗ್-ಲಿಟಲ್ ಎಂಬ ವಿನ್ಯಾಸ ಪ್ರಕಟಿಸಿತು. ದೊಡ್ಡ ಕೆಲಸಕ್ಕೆ ದೊಡ್ಡ ಕೋರ್, ಚಿಲ್ಲರೆ ಕೆಲಸಕ್ಕೆ ಸಣ್ಣ ಕೋರ್, ಬ್ಯಾಟರಿ ಉಳಿತಾಯ. 2013ರಲ್ಲಿ ಸ್ಯಾಮ್‌ಸಂಗ್‌ನ ಎಕ್ಸಿನೋಸ್ 5 ಆಕ್ಟಾ ನಾಲ್ಕು ಎ15, ನಾಲ್ಕು ಎ7 ಇಟ್ಟುಕೊಂಡು ಬಂತು. ಎರಡೂ ಗುಂಪು ಒಟ್ಟಿಗೆ ಓಡುತ್ತಿರಲಿಲ್ಲ, ಒಂದಾದ ಮೇಲೆ ಒಂದು. ಫೋನ್‌ನಲ್ಲಿ ಆಗ ವಿಎಂ ಓಡಿಸುವವರೂ ಇರಲಿಲ್ಲ, ಹಾಗಾಗಿ ಯಾರಿಗೂ ಏನೂ ಅನ್ನಿಸಲಿಲ್ಲ.

ಮೊದಲ ಎಚ್ಚರಿಕೆ ಬಂದಿದ್ದು 2016ರಲ್ಲಿ, ಬೇರೆ ರೂಪದಲ್ಲಿ. ಆ ವರ್ಷದ ಎಕ್ಸಿನೋಸ್ 8890 ಚಿಪ್ ಗ್ಯಾಲಕ್ಸಿ ಎಸ್7 ಫೋನ್‌ನಲ್ಲಿತ್ತು. ಮೋನೋ ಎಂಬ ರನ್‌ಟೈಮ್ ಮೇಲೆ ಓಡುವ ಪ್ರೋಗ್ರಾಂಗಳು ಅದರ ಮೇಲೆ ಕಾರಣವಿಲ್ಲದೆ ಸಾಯತೊಡಗಿದವು. ಸತ್ತ ಜಾಗದಲ್ಲಿ ಹೋಗಿ ನೋಡಿದರೆ ಮೆಮೊರಿಯಲ್ಲಿರುವ ಕೋಡ್ ಸರಿಯಾಗಿಯೇ ಇದೆ. ಆದರೂ ಪ್ರೊಸೆಸರ್ "ಇದು ನನಗೆ ಗೊತ್ತಿಲ್ಲದ ಇನ್‌ಸ್ಟ್ರಕ್ಷನ್" ಅನ್ನುತ್ತಿದೆ. ಮೋನೋ ತಾನೇ ಕೋಡ್ ಬರೆದು ತಾನೇ ಓಡಿಸುತ್ತದೆ. ಬರೆದಾದ ಮೇಲೆ ಆ ಜಾಗದ ಹಳೆಯ ಕ್ಯಾಶ್ (ಕೋರ್ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುವ ನಕಲು) ಅನ್ನು ಸಾಲು ಸಾಲಾಗಿ ಅಳಿಸಬೇಕು. ಸ್ಯಾಮ್‌ಸಂಗ್ ತಾನೇ ವಿನ್ಯಾಸ ಮಾಡಿದ ದೊಡ್ಡ ಕೋರ್‌ನಲ್ಲಿ ಒಂದು ಸಾಲು 128 ಬೈಟ್. ಪಕ್ಕದ ಎ53ರಲ್ಲಿ 64 ಬೈಟ್. ಪ್ರೋಗ್ರಾಂ ದೊಡ್ಡ ಕೋರ್ ಮೇಲಿದ್ದಾಗ 128 ಎಂದು ಒಮ್ಮೆ ಓದಿ ನೆನಪಿಟ್ಟುಕೊಂಡಿತು. ಆಮೇಲೆ ಸಣ್ಣ ಕೋರ್‌ಗೆ ಬಂತು. ಅಲ್ಲಿಯೂ 128ರ ಹೆಜ್ಜೆ ಹಾಕಿತು. ಒಂದು ಸಾಲು ಅಳಿಸಿತು, ಒಂದು ಬಿಟ್ಟಿತು, ಒಂದು ಅಳಿಸಿತು, ಒಂದು ಬಿಟ್ಟಿತು. ಬಿಟ್ಟುಹೋದ ಸಾಲುಗಳಲ್ಲಿ ಹಳೆಯ ಕಸ ಹಾಗೇ ಉಳಿಯಿತು.

ಈ ಕಥೆ ನನಗೆ ಯಾವತ್ತೂ ಮರೆಯುವುದಿಲ್ಲ. ಯಾರ ತಪ್ಪು ಇದು? ಪ್ರೋಗ್ರಾಂ ಬರೆದವರು "ಕೋರ್‌ನ ಗುಣ ಓಡುತ್ತಾ ಓಡುತ್ತಾ ಬದಲಾಗುವುದಿಲ್ಲ" ಎಂದು ನಂಬಿದ್ದರು. ಮೂವತ್ತು ನಲವತ್ತು ವರ್ಷ ಎಲ್ಲರೂ ನಂಬಿದ್ದು ಅದನ್ನೇ. ಚಿಪ್ ಮಾಡಿದವರು ಆ ನಂಬಿಕೆಯನ್ನು ಸುಮ್ನೆ ಮುರಿದರು, ಹೇಳದೆ. ಲಿನಕ್ಸ್ ಕರ್ನಲ್‌ನವರು ಕೊನೆಗೆ ಎಲ್ಲ ಕೋರ್‌ಗಳಿಗೂ ಹೊಂದುವ ಸುರಕ್ಷಿತ ಅಳತೆಯನ್ನೇ ಪ್ರೋಗ್ರಾಂಗಳಿಗೆ ತೋರಿಸುವ ವ್ಯವಸ್ಥೆ ಮಾಡಬೇಕಾಯಿತು.

ಕ್ಸೆನ್ ಎಂಬ ಹೈಪರ್‌ವೈಸರ್, ಅಂದರೆ ವಿಎಂಗಳನ್ನು ಓಡಿಸುವ ತಂತ್ರಾಂಶ, ಮಾಡುವವರು ಇಂಥದ್ದನ್ನೆಲ್ಲ ನೋಡಿ ಗಟ್ಟಿ ನಿಲುವು ತೆಗೆದುಕೊಂಡರು. ಬೂಟ್ ಆದ ಕೋರ್‌ಗಿಂತ ಬೇರೆ ಜಾತಿಯ ಕೋರ್ ಕಂಡರೆ ಅದನ್ನು ಆಫ್ ಮಾಡಿಬಿಡುವುದು. ಬೇಕೇ ಬೇಕು ಅನ್ನುವವರು ಒಂದು ಆಯ್ಕೆ ಹಾಕಿಕೊಳ್ಳಬಹುದು. ಅದರ ಹೆಸರು ಎಚ್‌ಎಂಪಿ-ಅನ್‌ಸೇಫ್. ಅಪಾಯ ಅನ್ನುವುದನ್ನು ಹೆಸರಲ್ಲೇ ಬರೆದಿದ್ದಾರೆ. ನನಗೆ ಆ ನೇರ ಮಾತು ಹಿಡಿಸಿತು.

ಪಿಸಿ ಲೋಕಕ್ಕೆ ಇದು ಬಂದಿದ್ದು ಇಂಟೆಲ್‌ನ 2020ರ ಲೇಕ್‌ಫೀಲ್ಡ್ ಚಿಪ್‌ನಲ್ಲಿ, ಒಂದು ದೊಡ್ಡ ಕೋರ್ ಮತ್ತು ನಾಲ್ಕು ಸಣ್ಣ ಕೋರ್. ಅದನ್ನು ಕೊಂಡವರು ಕಡಿಮೆ. ನಿಜವಾದ ಬದಲಾವಣೆ 2021ರ ನವೆಂಬರ್‌ನಲ್ಲಿ, ಇಂಟೆಲ್ ಆಲ್ಡರ್ ಲೇಕ್ ಬಿಡುಗಡೆ ಮಾಡಿದಾಗ. ಅದರ ಕೋರ್ ಐ9-12900ಕೆ ಚಿಪ್‌ನಲ್ಲಿ 8 ಪಿ-ಕೋರ್ (ವೇಗದವು), 8 ಇ-ಕೋರ್ (ಮಿತವ್ಯಯದವು). ಪಿ-ಕೋರ್ ಒಂದೊಂದೂ ಎರಡೆರಡು ಥ್ರೆಡ್ ಓಡಿಸುತ್ತದೆ, ಇ-ಕೋರ್ ಒಂದೊಂದೇ. ಒಟ್ಟು 24 ಥ್ರೆಡ್.

ಇಲ್ಲಿ ಇಂಟೆಲ್‌ಗೆ ಒಂದು ಕಷ್ಟದ ಆಯ್ಕೆ ಎದುರಾಯಿತು. ಪಿ-ಕೋರ್‌ನ ಸಿಲಿಕಾನ್‌ನಲ್ಲಿ ಎವಿಎಕ್ಸ್-512 ಎಂಬ ದೊಡ್ಡ ಲೆಕ್ಕದ ಇನ್‌ಸ್ಟ್ರಕ್ಷನ್‌ಗಳಿದ್ದವು. ಇ-ಕೋರ್‌ನಲ್ಲಿ ಇರಲಿಲ್ಲ. ಎರಡನ್ನೂ ಹಾಗೇ ಬಿಟ್ಟಿದ್ದರೆ ಪ್ರೋಗ್ರಾಂ ಪಿ-ಕೋರ್‌ನಲ್ಲಿ ಚೆನ್ನಾಗಿ ಓಡಿ, ಇ-ಕೋರ್‌ಗೆ ಬಂದ ತಕ್ಷಣ ಸಾಯುತ್ತಿತ್ತು. ಹಾಗಾಗಿ ಅದನ್ನು ಮುಚ್ಚಿದರು. ಇ-ಕೋರ್ ಎಲ್ಲ ಆಫ್ ಮಾಡಿದರೆ ಎವಿಎಕ್ಸ್-512 ಸಿಗುತ್ತದೆ ಎಂದು ಕೆಲವು ಮದರ್‌ಬೋರ್ಡ್‌ಗಳಲ್ಲಿ ದಾರಿ ಇತ್ತು. 2022ರಲ್ಲಿ ಅದನ್ನೂ ಮುಚ್ಚಿದರು. ಅನೇಕರಿಗೆ ಬೇಜಾರಾಯಿತು. ದುಡ್ಡು ಕೊಟ್ಟು ಕೊಂಡ ಚಿಪ್‌ನಲ್ಲಿ ಇರುವುದನ್ನೇ ಬಳಸಲು ಆಗದಿದ್ದರೆ ಯಾರಿಗಾದರೂ ಬೇಜಾರೇ. ಆದರೂ ವಿಎಂ ದೃಷ್ಟಿಯಿಂದ ನೋಡಿದರೆ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಎರಡೂ ಜಾತಿಯ ಕೋರ್ ಒಂದೇ ಭಾಷೆ ಮಾತಾಡದಿದ್ದರೆ ಆಲ್ಡರ್ ಲೇಕ್ ಮೇಲೆ ವಿಎಂ ಓಡಿಸುವುದು ಆರ್‌ಕೆ3399ಕ್ಕಿಂತ ಕಷ್ಟವಾಗುತ್ತಿತ್ತು.

ಭಾಷೆ ಒಂದಾದರೂ ಗುರುತು ಒಂದಾಗಲಿಲ್ಲ. ಸಿಪಿಯು-ಐಡಿ ಎಂಬ ಇನ್‌ಸ್ಟ್ರಕ್ಷನ್ ಕೇಳಿದರೆ ಪ್ರತಿ ಕೋರ್ ತನ್ನ ವಿವರ ಹೇಳುತ್ತದೆ. ಪಿ-ಕೋರ್ ಒಂದು ಹೇಳಿದರೆ ಇ-ಕೋರ್ ಇನ್ನೊಂದು. ಕೆಲವು ಗೇಮ್‌ಗಳಲ್ಲಿದ್ದ ಡೆನುವೊ ಎಂಬ ಕಳ್ಳಪ್ರತಿ ತಡೆಯುವ ತಂತ್ರಾಂಶ ಇದನ್ನು ನೋಡಿ, ಗೇಮ್ ಬೇರೆ ಕಂಪ್ಯೂಟರ್‌ಗೆ ಹೋಯಿತು ಎಂದು ತಿಳಿದು ನಿಲ್ಲಿಸಿಬಿಡುತ್ತಿತ್ತು. ಸರ್ವರ್‌ಗಳಲ್ಲಿ ವಿಎಂ ಓಡಿಸುವ ವಿಎಂವೇರ್‌ನ ಇಎಸ್‌ಎಕ್ಸ್‌ಐ ಇನ್ನೂ ಕಟ್ಟುನಿಟ್ಟು. ಬೂಟ್ ಆಗುವಾಗಲೇ ಎಲ್ಲ ಕೋರ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತದೆ. ಹೊಂದದಿದ್ದರೆ ನೇರಳೆ ಬಣ್ಣದ ಪರದೆ, "ಫೇಟಲ್ ಸಿಪಿಯು ಮಿಸ್‌ಮ್ಯಾಚ್" ಎಂಬ ಸಂದೇಶ, ಅಷ್ಟೇ. ಮನೆಯಲ್ಲಿ ಸಣ್ಣ ಲ್ಯಾಬ್ ಇಟ್ಟುಕೊಂಡವರು ಬೂಟ್ ಸಾಲಿನಲ್ಲಿ "ಸಿಪಿಯು ಯೂನಿಫಾರ್ಮಿಟಿ ಹಾರ್ಡ್ ಚೆಕ್ ಪ್ಯಾನಿಕ್" ಎಂಬ ಆಯ್ಕೆಗೆ ಫಾಲ್ಸ್ ಎಂದು ಬರೆದು ದಾಟುವುದನ್ನು ಕಲಿತರು. ಅಧಿಕೃತ ಬೆಂಬಲ ಇಲ್ಲದ ದಾರಿ ಅದು. ಲಿನಕ್ಸ್‌ನಲ್ಲಿ ಕೆವಿಎಂ ಓಡಿತು, ಆದರೆ ಒಂದು ಅಂಗ ಕಳೆದುಕೊಂಡು. ಪ್ರೋಗ್ರಾಂ ಎಲ್ಲಿ ಸಮಯ ತಿನ್ನುತ್ತಿದೆ ಎಂದು ಅಳೆಯುವ ಪಿಎಂಯು ಕೌಂಟರ್‌ಗಳು ಪಿ-ಕೋರ್‌ನಲ್ಲಿ ಒಂದು ಥರ, ಇ-ಕೋರ್‌ನಲ್ಲಿ ಇನ್ನೊಂದು ಥರ. 2023ರಲ್ಲಿ ಇಂಥ ಚಿಪ್‌ಗಳ ಮೇಲೆ ವಿಎಂಗೆ ಆ ಕೌಂಟರ್ ಕೊಡುವುದನ್ನೇ ಕೆವಿಎಂ ನಿಲ್ಲಿಸಿತು.

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ವೇಗದ್ದು. ಅದೇ ಜಾಸ್ತಿ ಜನರಿಗೆ ತಟ್ಟುವುದು.

ಮಿಶ್ರ ಕೋರ್ ಚಿಪ್‌ನಲ್ಲಿ ಯಾವ ಕೆಲಸ ಯಾವ ಕೋರ್‌ಗೆ ಎಂದು ಯಾರೋ ತೀರ್ಮಾನಿಸಬೇಕಲ್ವಾ? ಇಂಟೆಲ್ ಅದಕ್ಕೆ ಥ್ರೆಡ್ ಡೈರೆಕ್ಟರ್ ಎಂಬ ಅಂಗವನ್ನು ಚಿಪ್‌ನಲ್ಲೇ ಇಟ್ಟಿತು. ಓಡುತ್ತಿರುವ ಥ್ರೆಡ್ ಎಂಥ ಇನ್‌ಸ್ಟ್ರಕ್ಷನ್ ಬಳಸುತ್ತಿದೆ ಎಂದು ನೋಡಿ ಅದು ಆಪರೇಟಿಂಗ್ ಸಿಸ್ಟಮ್‌ಗೆ ಸುಳಿವು ಕೊಡುತ್ತದೆ. ವಿಂಡೋಸ್ 11 ಅದನ್ನು ಬಳಸಿಕೊಳ್ಳುವಂತೆ ಬಂತು. ಆದರೆ ವಿಎಂ ಇದ್ದಾಗ ಹೊರಗಿನ ಸಿಸ್ಟಮ್‌ಗೆ ಕಾಣುವುದು ವರ್ಚುವಲ್ ಸಿಪಿಯು ಎಂಬ ಒಂದು ಥ್ರೆಡ್ ಮಾತ್ರ. ಅದರೊಳಗೆ ಈಗ ಕಂಪೈಲರ್ ಓಡುತ್ತಿದೆಯೋ, ಗಡಿಯಾರದ ಮುಳ್ಳು ಕದಲಿಸುವ ಕೆಲಸ ನಡೆಯುತ್ತಿದೆಯೋ ಗೊತ್ತಿಲ್ಲ. ಒಳಗಿನ ಸಿಸ್ಟಮ್‌ಗೆ ಕೆಲಸ ಯಾವುದೆಂದು ಗೊತ್ತು, ಕೋರ್ ಯಾವುದೆಂದು ಗೊತ್ತಿಲ್ಲ. ಎರಡು ಶೆಡ್ಯೂಲರ್, ನಡುವೆ ಪರದೆ.

ಕೆಲಸವನ್ನು ನಾಲ್ಕು ಪಾಲು ಮಾಡಿ ನಾಲ್ಕು ವರ್ಚುವಲ್ ಸಿಪಿಯುಗೆ ಹಂಚಿದೆವು ಅಂದುಕೊಳ್ಳಿ. ಸಮಪಾಲು, ಯಾಕಂದ್ರೆ ಒಳಗಿನ ಸಿಸ್ಟಮ್‌ಗೆ ನಾಲ್ಕೂ ಸಮ. ಹೊರಗೆ ಮೂರು ಪಿ-ಕೋರ್ ಮೇಲೆ, ಒಂದು ಇ-ಕೋರ್ ಮೇಲೆ ಕೂತಿದೆ. ಮೂರು ಮುಗಿಸಿ ಕಾಯುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತೇವಲ್ಲ, ಒಂದೇ ನೊಗಕ್ಕೆ ಎರಡು ಜಾತಿ ಕಟ್ಟಿದ ಹಾಗೆ. ನಿಧಾನದ ಕೋರ್ ಮೇಲಿರುವ ವರ್ಚುವಲ್ ಸಿಪಿಯು ಕೈಯಲ್ಲಿ ಒಂದು ಲಾಕ್ (ಒಂದು ಸಲಕ್ಕೆ ಒಬ್ಬರಷ್ಟೇ ಹಿಡಿಯಬಹುದಾದ ಬೀಗ) ಇದ್ದರಂತೂ ಉಳಿದ ಮೂರೂ ಅದಕ್ಕಾಗಿ ಸುತ್ತುತ್ತಾ ಕರೆಂಟ್ ತಿನ್ನುತ್ತವೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ವಿಎಂನಲ್ಲಿ ದೊಡ್ಡದೊಂದು ಕಂಪೈಲ್ ಹಾಕಿ, ಅದರ ಕಿಟಕಿ ಮಿನಿಮೈಸ್ ಮಾಡಿ ಬೇರೆ ಕೆಲಸ ನೋಡುತ್ತಿದ್ದೆ. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಕಿಟಕಿ ಮುಂದೆ ತಂದೆ, ಸಾಲುಗಳು ಸರಸರನೆ ಓಡಿದವು. ಮತ್ತೆ ಹಿಂದೆ ತಳ್ಳಿದೆ, ಮತ್ತೆ ನಿಧಾನ. ಹಿನ್ನೆಲೆಗೆ ಹೋದದ್ದೆಲ್ಲ ಮುಖ್ಯವಲ್ಲದ ಕೆಲಸ ಎಂದು ಹೊರಗಿನ ಸಿಸ್ಟಮ್ ಎಣಿಸಿ, ಇಡೀ ವಿಎಂ ಅನ್ನೇ ಇ-ಕೋರ್‌ಗಳಿಗೆ ತಳ್ಳುತ್ತಿತ್ತು. ಆ ಪ್ರೋಗ್ರಾಂಗೆ ಪವರ್ ಉಳಿಸುವ ನಿಯಮ ಬೇಡ ಎಂದು ಒಂದು ಕಮಾಂಡ್ ಕೊಟ್ಟ ಮೇಲೆ ಸರಿಹೋಯಿತು. ಆ ಕಮಾಂಡ್ ಇದೆ ಎಂದು ಗೊತ್ತಾಗಲು ನನಗೆ ಎರಡು ಸಂಜೆ ಹಿಡಿಯಿತು. ನಮ್ಮ ಎಂಜಿನಿಯರಿಂಗ್ ಕಾಲೇಜು ಮಕ್ಕಳು ಇಂಥದೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ವಿಎಂ ಹಾಕಿಕೊಂಡು ಲ್ಯಾಬ್ ಪ್ರೋಗ್ರಾಂ ಓಡಿಸುತ್ತಾರೆ. "ನನ್ನ ಕೋಡ್ ನಿಧಾನ" ಎಂದು ತಮ್ಮನ್ನೇ ಬೈದುಕೊಂಡವರು ಅವರಲ್ಲಿ ಎಷ್ಟು ಜನವೋ ಎಂದು ನೆನೆದರೆ ಸಂಕಟವಾಗುತ್ತದೆ.

ಆಪಲ್‌ನ ಎಂ1 ಚಿಪ್ 2020ರಲ್ಲೇ ನಾಲ್ಕು ವೇಗದ, ನಾಲ್ಕು ಮಿತವ್ಯಯದ ಕೋರ್ ಇಟ್ಟುಕೊಂಡು ಬಂತು. ಅಲ್ಲಿ ಇಷ್ಟು ಗಲಾಟೆ ಆಗಲಿಲ್ಲ. ಚಿಪ್, ಸಿಸ್ಟಮ್, ವಿಎಂ ಓಡಿಸುವ ಚೌಕಟ್ಟು ಮೂರೂ ಒಂದೇ ಮನೆಯವು.

ಉಳಿದವರಿಗೆ ಮೊದಲ ಮದ್ದು ಪಿನ್ ಮಾಡುವುದು, ಅಂದರೆ ಆ ಹಳೆಯ ಟಾಸ್ಕ್‌ಸೆಟ್ ದಾರಿಯೇ. 2022ರ ಕೊನೆಗೆ, ವಿಎಂಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶದ 7.3 ಆವೃತ್ತಿ ಅದನ್ನು ವಿಎಂ ಸೆಟ್ಟಿಂಗ್‌ಗಳಲ್ಲೇ ಕೊಟ್ಟಿತು. ಕ್ಸೆನ್‌ನಲ್ಲಿ ಕೋರ್‌ಗಳನ್ನು ಪೂಲ್‌ಗಳಾಗಿ ಬೇರೆ ಮಾಡಬಹುದು. ಕೆಲಸ ಆಗುತ್ತದೆ, ನಿಜ. ಆದರೆ ವಿಎಂ ಸುಮ್ಮನಿದ್ದಾಗಲೂ ಅದು ಪಿ-ಕೋರ್ ಬಿಟ್ಟು ಕದಲುವುದಿಲ್ಲ. ಬ್ಯಾಟರಿ ಉಳಿಸಲೆಂದೇ ಹುಟ್ಟಿದ ವಿನ್ಯಾಸದ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಪರದೆ ಸರಿಸುವ ಪ್ರಯತ್ನ ತಡವಾಗಿ ಶುರುವಾಯಿತು. 2023ರ ಮಾರ್ಚ್‌ನಲ್ಲಿ ಗೂಗಲ್‌ನ ಎಂಜಿನಿಯರ್‌ಗಳು ಲಿನಕ್ಸ್‌ಗೆ ಒಂದು ಪ್ರಸ್ತಾಪ ಇಟ್ಟರು. ಒಳಗಿನ ಸಿಸ್ಟಮ್ ತನಗೆ ಎಷ್ಟು ವೇಗ ಬೇಕು ಎಂದು ಹೊರಗಿನದಕ್ಕೆ ಹೇಳಲಿ, ಹೊರಗಿನದು ಎಷ್ಟು ಕೊಟ್ಟೆ ಎಂದು ಒಳಗೆ ತಿಳಿಸಲಿ. ವರ್ಚುವಲ್ ಸಿಪಿಯು-ಫ್ರೀಕ್ ಎಂಬ ಡ್ರೈವರ್ ಆಗಿ ಅದು ಮುಂದೆ ಮುಖ್ಯ ಕರ್ನಲ್‌ಗೆ ಸೇರಿತು. ಆಂಡ್ರಾಯ್ಡ್ 13ರಿಂದ ಫೋನ್‌ನಲ್ಲೂ ವಿಎಂ ಓಡುತ್ತಿರುವುದರಿಂದ ಗೂಗಲ್‌ಗೆ ಇದು ಮನೆಬಾಗಿಲಿನ ಸಮಸ್ಯೆ. 2024ರ ಫೆಬ್ರವರಿಯಲ್ಲಿ ಇಂಟೆಲ್‌ನವರು ಥ್ರೆಡ್ ಡೈರೆಕ್ಟರ್‌ನ ಸುಳಿವನ್ನೇ ವಿಎಂ ಒಳಗೆ ಕಳಿಸುವ ಪ್ಯಾಚ್‌ಗಳನ್ನು ಕೆವಿಎಂಗೆ ಕಳಿಸಿದರು. ವಿಂಡೋಸ್ ವಿಎಂನಲ್ಲಿ 3ಡಿಮಾರ್ಕ್ ಎಂಬ ಗ್ರಾಫಿಕ್ಸ್ ಪರೀಕ್ಷೆಯ ಅಂಕ 14% ವರೆಗೆ ಸುಧಾರಿಸಿತು ಎಂದು ಅವರೇ ಲೆಕ್ಕ ಕೊಟ್ಟರು. ಎರಡರ ದಾರಿಯೂ ಒಂದೇ. ವಿಎಂಗೆ ನಿಜ ಹೇಳುವುದು. ಮೊದಲ ದಿನದಿಂದ ಹೀಗೇ ಮಾಡಬೇಕಿತ್ತು ಅನ್ನುವುದು ನನ್ನ ನಂಬಿಕೆ.

ಇಷ್ಟು ತಡ ಯಾಕೆ? ದುಡ್ಡಿರುವ ಕಡೆ ಈ ಸಮಸ್ಯೆಯೇ ಇಲ್ಲ ಎಂಬುದು ಒಂದು ಕಾರಣ ಇರಬೇಕು. 2024ರಲ್ಲಿ ಇಂಟೆಲ್ ತಂದ ಸರ್ವರ್ ಚಿಪ್‌ಗಳಲ್ಲಿ ಸಿಯೆರಾ ಫಾರೆಸ್ಟ್ ಪೂರ್ತಿ ಇ-ಕೋರ್, ಗ್ರಾನೈಟ್ ರಾಪಿಡ್ಸ್ ಪೂರ್ತಿ ಪಿ-ಕೋರ್. ಒಂದೇ ಚಿಪ್‌ನಲ್ಲಿ ಬೆರೆಸಲಿಲ್ಲ. ಕ್ಲೌಡ್ ಕಂಪನಿಗಳ ವಿಎಂಗಳು ಇವತ್ತಿಗೂ ಸರಿಸಮ ಕೋರ್‌ಗಳ ಹಳೆಯ ಲೋಕದಲ್ಲೇ ಇವೆ. ಬೆರೆತಿರುವುದು ನಮ್ಮ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಫೋನ್‌ಗಳಲ್ಲಿ.

12900ಕೆ ಇರುವ ಲಿನಕ್ಸ್ ಯಂತ್ರದಲ್ಲಿ ಸಿಸ್ಟಮ್‌ನ ಡಿವೈಸ್ ಫೋಲ್ಡರ್ ತೆರೆದರೆ ಸಿಪಿಯು-ಕೋರ್ (ಪಿ-ಕೋರ್‌ಗಳು), ಸಿಪಿಯು-ಆಟಮ್ (ಇ-ಕೋರ್‌ಗಳು) ಎಂಬ ಎರಡು ಹೆಸರು ಸಿಗುತ್ತವೆ. ಮೊದಲನೆಯದರಲ್ಲಿ 0-15, ಎರಡನೆಯದರಲ್ಲಿ 16-23 ಎಂದು ಬರೆದಿರುತ್ತದೆ. ಅದೇ ಯಂತ್ರದಲ್ಲಿ ಒಂದು ವಿಎಂ ತೆರೆದು ಅದೇ ಫೋಲ್ಡರ್‌ಗೆ ಹೋಗಿ. ಆ ಎರಡು ಹೆಸರು ಅಲ್ಲಿರುವುದಿಲ್ಲ. ಸಿಪಿಯು ವಿವರ ತೋರಿಸುವ ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟು ಕೇಳಿದರೆ ಕೊಟ್ಟಷ್ಟೂ ಸಿಪಿಯುಗಳಿಗೆ ಸೇರಿಸಿ ಒಂದೇ ಮಾಡೆಲ್ ಹೆಸರು ಬರುತ್ತದೆ.